ವಿಂಡೋಸ್ ಕೈಬಿಟ್ಟ ಕಂಪ್ಯೂಟರ್ ಗುಜರಿಗೆ ಯಾಕೆ, ಟಿವಿ ಪಕ್ಕ ಇಡಿ

ಸಂಪಾದಕರಿಗೆ ನಮಸ್ಕಾರ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದ ಈಚೆಗೆ ಹಳೇ ಕಂಪ್ಯೂಟರ್ ಹಿಡಿದುಕೊಂಡು ಅಂಗಡಿಗೆ ಹೋದರೆ ಸಿಗುವ ಉತ್ತರ ಒಂದೇ: "ಇದಕ್ಕೆ 11 ಹಾಕೋಕೆ ಬರಲ್ಲ ಸರ್, ಎಕ್ಸ್‌ಚೇಂಜಿಗೆ ಕೊಟ್ಟುಬಿಡಿ." ಎಕ್ಸ್‌ಚೇಂಜಿನಲ್ಲಿ ಬರುವುದು ಪುಡಿಗಾಸು. ಹಾಗೆ ಕೊಡುವ ಮೊದಲು ಆ ಪೆಟ್ಟಿಗೆಯನ್ನು ಮನೆಯ ಟಿವಿ ಪಕ್ಕ ಇಟ್ಟು, ಸಿನಿಮಾ, ಚಾನೆಲ್, ಹಳೇ ಸಿಡಿ ತೋರಿಸುವ ಪ್ಲೇಯರ್ ಮಾಡಿ ನೋಡಿ ಅಂತ ಹೇಳಲಿಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಜಾಗ ಮಾಡಿಕೊಡಿ.

ವಿಂಡೋಸ್ 11 ಕೈಬಿಟ್ಟಿದ್ದು ಯಾವುದನ್ನು? ಇಂಟೆಲ್ ಆದರೆ, ಬೆರಳೆಣಿಕೆಯಷ್ಟನ್ನು ಬಿಟ್ಟು, ಏಳನೇ ತಲೆಮಾರು ಮತ್ತು ಅದಕ್ಕಿಂತ ಹಿಂದಿನ ಪ್ರೊಸೆಸರ್‌ಗಳನ್ನು. ಐ5 ಅಂತ ಬರೆದಿರುವ ಪಕ್ಕದ ನಂಬರು ನೋಡಿ. 7500 ಇದ್ದರೆ ಏಳನೇ ತಲೆಮಾರು, 6500 ಇದ್ದರೆ ಆರನೇದು, 4590 ಇದ್ದರೆ ನಾಲ್ಕನೇದು. 4ಕೆ ಸಿನಿಮಾ ಫೈಲುಗಳನ್ನು ಕುಗ್ಗಿಸಿಡುವ ಒಂದು ವಿಧಾನ ಎಚ್‌ಇವಿಸಿ; ಅದರಲ್ಲಿ ಹತ್ತು ಬಿಟ್‌ನದ್ದು ಅಂದರೆ ಎಂಟು ಬಿಟ್‌ನದ್ದಕ್ಕಿಂತ ಬಣ್ಣದ ಛಾಯೆ ಹೆಚ್ಚು. ಏಳನೇ ತಲೆಮಾರಿನ ಚಿಪ್‌ನೊಳಗೇ ಹತ್ತು ಬಿಟ್‌ನ ಎಚ್‌ಇವಿಸಿ ವಿಡಿಯೋ ಬಿಡಿಸುವ ಭಾಗ ಇದೆ. ಅಂದರೆ 4ಕೆ ಸಿನಿಮಾ ಫೈಲನ್ನು ಅದು ಏದುಸಿರು ಬಿಡದೆ ಓಡಿಸುತ್ತದೆ. ಇಂಥದ್ದನ್ನು ಕೆಲಸಕ್ಕೆ ಬಾರದ್ದು ಅಂತ ಎಸೆಯುತ್ತಿದ್ದೇವೆ, ಹೊಟ್ಟೆ ಉರಿಯುತ್ತದೆ. ಆರನೇದು ಎಂಟು ಬಿಟ್‌ನ ಎಚ್‌ಇವಿಸಿಗೆ ಸಾಕು. ನಾಲ್ಕನೇದರಲ್ಲಿ ಎಚ್‌ಇವಿಸಿ ಇಲ್ಲ, ಆದರೆ ಡಿವಿಡಿಗೆ, ಸಾಮಾನ್ಯ ಫುಲ್ ಎಚ್‌ಡಿ ಫೈಲಿಗೆ ಏನೂ ತೊಂದರೆ ಇಲ್ಲ. ಇನ್ನೂ ಹೊಸ ವಿಧಾನವಾದ ಎವಿ1 ಬೇಕೇ ಬೇಕು ಅನ್ನುವವರು ಮಾತ್ರ 11ನೇ ತಲೆಮಾರಿನದ್ದು ಅಥವಾ 2023ರಲ್ಲಿ ಬಂದ ಎನ್100 ಚಿಪ್‌ನ ಸಣ್ಣ ಪೆಟ್ಟಿಗೆ ನೋಡಿಕೊಳ್ಳಬೇಕು.

ಒಂದು ಸಂಗತಿ ಮೊದಲೇ ತಿಳಿದಿರಲಿ. ಈ ಹಳೇ ಪೆಟ್ಟಿಗೆಗಳಲ್ಲಿ ಬಹುಪಾಲಿನ ಎಚ್‌ಡಿಎಂಐ ಕಿಂಡಿಯಿಂದ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮ್‌ವರೆಗೆ ಮಾತ್ರ ಬರುತ್ತದೆ. ಸಿನಿಮಾ ಇರುವುದೇ 24 ಫ್ರೇಮ್, ಹಾಗಾಗಿ ಅದಕ್ಕೆ ಸಾಕು. 60 ಬೇಕಾದರೆ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಕಿಂಡಿಗೆ, ಅದನ್ನು ಎಚ್‌ಡಿಎಂಐಗೆ ಬದಲಿಸುವ ಒಳ್ಳೆಯ ಆಕ್ಟಿವ್ ಅಡಾಪ್ಟರ್ ಹಾಕಿ.

ಇನ್ನು ಸಾಫ್ಟ್‌ವೇರ್. ವಿಂಡೋಸ್ ಬದಲಿಗೆ ಹಾಕಿಕೊಳ್ಳಲು ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್ ಇದೆ, ಪುಕ್ಕಟೆ. ಅದರ ಕೆಲಸ ಒಂದೇ, ಕೋಡಿ ಎಂಬ ಪ್ಲೇಯರ್ ಓಡಿಸುವುದು. ಕೋಡಿ ಮೊನ್ನೆ ಮೊನ್ನೆ ಬಂದದ್ದಲ್ಲ, 2002ರಲ್ಲಿ ಎಕ್ಸ್‌ಬಾಕ್ಸ್‌ಗೆ ಅಂತ ಶುರುವಾಗಿ 2014ರಲ್ಲಿ ಈಗಿನ ಹೆಸರು ಪಡೆಯಿತು. ಲಿಬ್ರೆಎಲೆಕ್ ನನಗೆ ಹಿಡಿಸಿದ್ದಕ್ಕೆ ಒಂದು ಕಾರಣ ಇದೆ. ಅದರ ಮೂಲ ಸಿಸ್ಟಮ್ ಫೈಲು ಓದಲಿಕ್ಕೆ ಮಾತ್ರ ತೆರೆದುಕೊಳ್ಳುತ್ತದೆ, ಓಡುವಾಗ ಅದರ ಮೇಲೆ ಏನೂ ಬರೆಯುವುದಿಲ್ಲ. ಮಳೆಗಾಲದಲ್ಲಿ ಸಂಜೆ ಹೊತ್ತು ಕರೆಂಟು ಬಂದು ಹೋಗಿ ಬಂದು ಹೋಗಿ ಮಾಡುವ ನಮ್ಮ ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಗುಣ ಬೇಕಾ? ವಿಂಡೋಸ್ ಇದ್ದರೆ ಟಿವಿ ನೋಡಲು ಕೂತವರು ಅಪ್‌ಡೇಟ್ ಮುಗಿಯುವ ತನಕ ನೀಲಿ ಪರದೆ ನೋಡುತ್ತಾ ಕೂರಬೇಕು.

ಟಿವಿ ಅಂದ ಮೇಲೆ ಬಟನ್ ಒತ್ತಿದರೆ ಬರಬೇಕು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವರು ಊರಲ್ಲಿ ಇಲ್ಲದ ದಿನವೂ ಅಮ್ಮನೋ ಅತ್ತೆಯೋ ಯಾರನ್ನೂ ಕೇಳದೆ ನಡೆಸಬೇಕು. ಅದಕ್ಕೆ ದುಬಾರಿ ಪ್ರೊಸೆಸರ್‌ಗಿಂತ ಸಣ್ಣಪುಟ್ಟ ಕೆಲಸಗಳೇ ಮುಖ್ಯ. ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಒಳಗೆ ಹೋಗಿ, ಕರೆಂಟು ಹೋಗಿ ಬಂದಾಗ ತಾನೇ ಆನ್ ಆಗುವ ಆಯ್ಕೆ ಹುಡುಕಿ. ಕೆಲವು ಕಡೆ ಅದನ್ನು 'ಎಸಿ ರಿಕವರಿ' ಅಂತ, ಕೆಲವು ಕಡೆ 'ಆಫ್ಟರ್ ಪವರ್ ಲಾಸ್' ಅಂತ ಬರೆದಿರುತ್ತಾರೆ. ಅದನ್ನು ಆನ್ ಮಾಡಿಡಿ. ಆಮೇಲೆ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಸೆಲ್ ಇರುತ್ತದೆ, ಸಿಆರ್2032. ಏಳೆಂಟು ವರ್ಷದ ಯಂತ್ರದಲ್ಲಿ ಅದು ಸತ್ತಿರುವುದೇ ಜಾಸ್ತಿ. ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ನೀವು ಮಾಡಿಟ್ಟ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಗಡಿಯಾರವೂ ಕೆಡುತ್ತದೆ, ರೆಕಾರ್ಡಿಂಗ್‌ಗೆ ಕೊಟ್ಟ ಟೈಮೆಲ್ಲ ಎಡವಟ್ಟಾಗುತ್ತದೆ. ವಾಚ್ ಅಂಗಡಿಯಲ್ಲೂ ಸಿಗುವ ಸೆಲ್ ಅದು, ಮೊದಲು ಬದಲಿಸಿ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಚಿಕ್ಕ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿ. ಫ್ಯಾನಿನ ಧೂಳು ಊದಿಸಿ, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಫ್ಯಾನ್ ಗೊರಗುಟ್ಟುತ್ತಿದ್ದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ಅವರು ಹೇಳುವುದೂ ಸರಿಯೇ.

ಪಕ್ಕದಲ್ಲಿ ಒಂದು ಸಣ್ಣ ಯುಪಿಎಸ್ ಇರಲಿ. ದಿನವಿಡೀ ಆನ್ ಇದ್ದರೆ ಕರೆಂಟು ಬಿಲ್ ಏನಾಗುತ್ತದೆ ಅಂತ ಕೇಳುತ್ತಾರೆ. ಕಚೇರಿಗಳಿಂದ ಬರುವ ಅಂಗೈ ಅಗಲದ ಮಿನಿ ಪೆಟ್ಟಿಗೆ ಸುಮ್ಮನೆ ಇರುವಾಗ ಹತ್ತು ಹದಿನೈದು ವ್ಯಾಟ್ ತೆಗೆದುಕೊಳ್ಳುತ್ತದೆ. ಹತ್ತು ವ್ಯಾಟ್ ಅಂದರೆ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ದೊಡ್ಡ ಟವರ್ ಕೇಸ್ ಇದ್ದರೆ ಇನ್ನೂ ಜಾಸ್ತಿ, ಅದನ್ನು ರಾತ್ರಿ ಆಫ್ ಮಾಡಿ.

ಚಿತ್ರ ಸರಿ ಕಾಣಲಿಕ್ಕೆ ಒಂದು ವಿಷಯ ಗೊತ್ತಿರಲೇಬೇಕು. ನ್ಯೂಸ್ ಚಾನೆಲ್ಲಿನ ಕೆಳಗೆ ಅಕ್ಷರ ಓಡುತ್ತಿರುತ್ತದೆ ಅಲ್ವಾ, ಕಂಪ್ಯೂಟರ್‌ನಿಂದ ನೋಡುವಾಗ ಅದು ತಡವರಿಸುತ್ತಾ ಓಡುತ್ತದೆ. ಕ್ರಿಕೆಟ್‌ನಲ್ಲಿ ಚೆಂಡು ಬೌಂಡರಿ ಕಡೆ ಹೋಗುವಾಗ ಕ್ಯಾಮೆರಾ ತಿರುಗಿದರೆ ಹುಲ್ಲೆಲ್ಲ ಜರ್ಕ್ ಹೊಡೆಯುತ್ತದೆ. ಜನ ಇದನ್ನು ನೋಡಿ "ಕಂಪ್ಯೂಟರ್ ಹಳೇದು, ಎಳೆಯುತ್ತಿಲ್ಲ" ಅನ್ನುತ್ತಾರೆ. ಯಂತ್ರದ ತಪ್ಪೇ ಅಲ್ಲ ಅದು. ನಮ್ಮ ದೇಶದ ಟಿವಿ ಪ್ರಸಾರ ಸೆಕೆಂಡಿಗೆ 25 ಫ್ರೇಮ್, 50 ಫೀಲ್ಡ್. ಕಂಪ್ಯೂಟರ್ ತಾನಾಗಿ ಟಿವಿಗೆ ಕಳಿಸುವುದು 60. ಐವತ್ತನ್ನು ಅರವತ್ತಕ್ಕೆ ಹೊಂದಿಸಲಿಕ್ಕೆ ಅಲ್ಲೊಂದು ಇಲ್ಲೊಂದು ಫ್ರೇಮನ್ನು ಎರಡೆರಡು ಸಲ ತೋರಿಸಬೇಕಾಗುತ್ತದೆ, ಕಣ್ಣಿಗೆ ಚುಚ್ಚುವುದು ಅದೇ. ಕೋಡಿಯ ಪ್ಲೇಯರ್ ಸೆಟ್ಟಿಂಗ್‌ನಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಅಂತ ಇದೆ. ಅದನ್ನು 'ಆನ್ ಸ್ಟಾರ್ಟ್ ಸ್ಟಾಪ್' ಮಾಡಿ. ಆಮೇಲೆ ಚಾನೆಲ್ ಹಾಕಿದರೆ ಟಿವಿ 50ಕ್ಕೆ, ಸಿನಿಮಾ ಹಾಕಿದರೆ 24ಕ್ಕೆ ತಾನೇ ಬದಲಾಗುತ್ತದೆ. ಬದಲಾಗುವಾಗ ಒಂದೆರಡು ಸೆಕೆಂಡ್ ಪರದೆ ಕಪ್ಪಾಗುತ್ತದೆ, ಹೆದರಬೇಡಿ. ಇದೊಂದು ಸೆಟ್ಟಿಂಗ್ ಮಾಡದೆ ಹೊಸ ಕಂಪ್ಯೂಟರ್ ಕೊಂಡವರು ಎಷ್ಟೋ ಜನ.

ಮಾತು ಸಣ್ಣಗೆ, ಹಾಡು ಮಾತ್ರ ಜೋರು ಅಂತ ಅನಿಸಿದರೆ ಆಡಿಯೋದಲ್ಲಿ ಚಾನೆಲ್ ಸಂಖ್ಯೆ 2.0 ಇದೆಯಾ ನೋಡಿ. 5.1 ಅಂತ ಇಟ್ಟು ಟಿವಿಯ ಎರಡೇ ಸ್ಪೀಕರ್‌ನಲ್ಲಿ ಕೇಳಿದರೆ ಮಾತು ಬರುವ ನಡುವಿನ ಚಾನೆಲ್ ಕೈತಪ್ಪಿ ಹೋಗುತ್ತದೆ.

ಚಾನೆಲ್‌ಗಳ ವಿಷಯಕ್ಕೆ ಬಂದರೆ, ಡಿಡಿ ಫ್ರೀ ಡಿಶ್ ಇದೆ. ಪ್ರಸಾರ ಭಾರತಿಯದ್ದು, 2004ರಿಂದ ನಡೆಯುತ್ತಿದೆ, ತಿಂಗಳ ಬಾಡಿಗೆ ಇಲ್ಲ, ಚಂದನವೂ ಅದರಲ್ಲಿ ಬರುತ್ತದೆ. ಡಿಶ್ಶನ್ನು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದ ಕಡೆ ತಿರುಗಿಸಿ, ಕೇಬಲ್ಲನ್ನು ಕಂಪ್ಯೂಟರಿಗೆ ಹಾಕಿದ ಡಿವಿಬಿ-ಎಸ್2 ಟ್ಯೂನರ್‌ಗೆ (ಡಿಶ್ ಸಿಗ್ನಲ್ ಹಿಡಿಯುವ ಸಾಧನ) ಕೊಟ್ಟರೆ, ಟಿವಿಹೆಡೆಂಡ್ ಎಂಬ ಸಾಫ್ಟ್‌ವೇರ್ ಆ ಚಾನೆಲ್‌ಗಳನ್ನು ಕೋಡಿಯೊಳಗೇ ತೋರಿಸುತ್ತದೆ, ಹೇಳಿದ ಹೊತ್ತಿಗೆ ರೆಕಾರ್ಡೂ ಮಾಡುತ್ತದೆ. ಚಾನೆಲ್ 3 ಮೆಗಾಬಿಟ್ ವೇಗದಲ್ಲಿ ಬರುತ್ತಿದ್ದರೆ ಒಂದು ಗಂಟೆಗೆ 1.3 ಜಿಬಿ ಆಸುಪಾಸು ಜಾಗ ಹಿಡಿಯುತ್ತದೆ. ಟ್ಯೂನರ್ ಕೊಳ್ಳುವ ಮೊದಲು ಲಿನಕ್ಸ್‌ನಲ್ಲಿ ಅದಕ್ಕೆ ಡ್ರೈವರ್ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೊತ್ತಿಗೆ ಮಾತ್ರ ಬಹಳ ಜಾಗ್ರತೆ. ಎಲ್ಲರೂ ಪ್ಲಗ್ ಕೀಳುತ್ತಾರೆ, ಡಿಶ್ ಕೇಬಲ್ ಹಾಗೇ ಬಿಡುತ್ತಾರೆ. ಮಾಡಿನ ಮೇಲಿಂದ ಇಳಿದು ಬರುವ ಆ ಕೇಬಲ್ಲೇ ಸಿಡಿಲಿಗೆ ನೇರ ದಾರಿ. ಮೋಡ ಕಟ್ಟುವಾಗಲೇ ಟ್ಯೂನರ್‌ನಿಂದ ಅದನ್ನೂ ಬಿಚ್ಚಿಡಿ. ಇಂಟರ್ನೆಟ್ ರೂಟರಿನಿಂದ ತಂತಿ ಎಳೆದಿದ್ದರೆ ಅದನ್ನೂ ತೆಗೆಯಿರಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮನೆಮನೆಯಲ್ಲಿ ಬಿದ್ದಿರುವ ಸಿಡಿಗಳು. ಯಕ್ಷಗಾನದ ವಿಸಿಡಿ, ಮದುವೆ, ಉಪನಯನ, ಗೃಹಪ್ರವೇಶದ ಸಿಡಿ. ಪ್ಲೇಯರ್ ಕೆಟ್ಟು ಮೂಲೆ ಸೇರಿದೆ, ಸಿಡಿಗಳು ಬೀರುವಿನಲ್ಲಿ ಬೂಸಲು ಹಿಡಿಯುತ್ತಿವೆ. ಈ ಹಳೇ ಕಂಪ್ಯೂಟರ್‌ಗಳಲ್ಲಿ ಡಿವಿಡಿ ಡ್ರೈವ್ ಇನ್ನೂ ಇರುತ್ತದೆ, ಅದನ್ನೇ ಬಳಸಿ. ವಿಸಿಡಿ ಹಾಕಿ ಒಳಗೆ ನೋಡಿದರೆ 'ಎಂಪಿಇಜಿಎವಿ' ಅಂತ ಫೋಲ್ಡರ್, ಅದರಲ್ಲಿ 'ಎವಿಎಸ್‌ಇಕ್ಯೂ01.ಡಿಎಟಿ' ಅಂತ ದೊಡ್ಡ ಫೈಲು ಇರುತ್ತದೆ. ನಿಮ್ಮ ಪ್ರಸಂಗ ಇರುವುದು ಅದರಲ್ಲೇ. ಲಿನಕ್ಸ್‌ನಲ್ಲಿ ಈ ಫೈಲು ನೇರವಾಗಿ ಕಾಪಿ ಆಗುವುದಿಲ್ಲ, ವಿಂಡೋಸ್ ಇರುವ ಕಂಪ್ಯೂಟರ್‌ನಲ್ಲಿ ಕಾಪಿ ಮಾಡಿ, ಕೊನೆಯ ಡಿಎಟಿ ತೆಗೆದು ಎಂಪಿಜಿ ಅಂತ ಹೆಸರು ಕೊಟ್ಟರೆ ಸಾಮಾನ್ಯವಾಗಿ ಓಡುತ್ತದೆ. ಒಂದು ವಿಸಿಡಿಗೆ ಹಿಡಿಸುವುದು ಒಂದೂ ಕಾಲು ಗಂಟೆ, ಆದ್ದರಿಂದ ಒಂದೇ ಪ್ರಸಂಗ ಎರಡು ಮೂರು ಸಿಡಿ ಆಗಿರುತ್ತದೆ. ಒಂದೇ ಹೆಸರು ಕೊಟ್ಟು ಕೊನೆಗೆ ಇಂಗ್ಲಿಷಿನಲ್ಲಿ ಸಿಡಿ1, ಸಿಡಿ2 ಅಂತ ಸೇರಿಸಿಟ್ಟರೆ ಕೋಡಿ ಎಲ್ಲವನ್ನೂ ಒಂದೇ ಸಿನಿಮಾದ ಹಾಗೆ ತೋರಿಸಬಲ್ಲದು, ಭಾಗವತರ ಪದ್ಯದ ನಡುವೆ ಎದ್ದು ಸಿಡಿ ಬದಲಿಸುವ ಕೆಲಸ ಇಲ್ಲ. ಚಿತ್ರದ ಅಳತೆ 352ಕ್ಕೆ 288 ಮಾತ್ರ, ಈಗಿನ ದೊಡ್ಡ ಟಿವಿಯಲ್ಲಿ ಮಂಜಾಗಿ ಕಾಣುತ್ತದೆ. ಕಂಡರೆ ಕಾಣಲಿ. ಎಷ್ಟೋ ಆಟ ಮತ್ತೆ ಎಲ್ಲೂ ಸಿಗುವುದಿಲ್ಲ, ಆ ವೇಷಧಾರಿಗಳಲ್ಲಿ ಹಲವರು ಈಗಿಲ್ಲ. ವಿಸಿಡಿಯಲ್ಲಿ ವಿಡಿಯೋಗೆ ಡೇಟಾ ಸಿಡಿಯಷ್ಟು ದೋಷ ತಿದ್ದುವ ವ್ಯವಸ್ಥೆ ಇಲ್ಲ, ಗೀರು ಬಿದ್ದ ಕಡೆ ಹೋದದ್ದು ಹೋಯಿತು. ಅದಕ್ಕೇ ಬೇಗ ಮಾಡಿ. ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿ ಪ್ರತಿ ಇಡಿ, ಒಂದು ನಿಮ್ಮಲ್ಲಿ, ಇನ್ನೊಂದು ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ.

ಇದರಿಂದ ಆಗದ ಕೆಲಸವೂ ಇದೆ. ದುಡ್ಡು ಕಟ್ಟಿ ನೋಡುವ ಒಟಿಟಿಗಳನ್ನು ಲಿನಕ್ಸ್‌ನಲ್ಲಿ 4ಕೆಯಲ್ಲಿ ನೋಡಲಿಕ್ಕೆ ಬರುವುದಿಲ್ಲ, ಅವರ ಕಾಪಿರೈಟ್ ಬೀಗ ಬಿಡುವುದಿಲ್ಲ. ಅದಕ್ಕೆ ಟಿವಿಯೊಳಗಿನ ಆ್ಯಪನ್ನೇ ಬಳಸಿ. ಎರಡೂ ಒಂದೇ ಟಿವಿಯಲ್ಲಿ ಆರಾಮವಾಗಿ ಇರುತ್ತವೆ. ಇನ್ನು ರಿಮೋಟ್. ಹೆಚ್ಚಿನ ಕಂಪ್ಯೂಟರ್‌ಗಳ ಎಚ್‌ಡಿಎಂಐ ಟಿವಿ ರಿಮೋಟಿನ ಮಾತು ಕೇಳುವುದಿಲ್ಲ. ಯುಎಸ್‌ಬಿ ರಿಸೀವರ್ ಜೊತೆ ಬರುವ ಸಣ್ಣ ರಿಮೋಟ್ ಸಾಕು, ಹಿರಿಯರಿಗೆ ಬಾಣದ ಗುರುತು, ಓಕೆ, ಬ್ಯಾಕ್ ಇಷ್ಟೇ ತೋರಿಸಿಕೊಡಿ.

"ಎಲ್ಲಾ ಚಾನೆಲ್, ಎಲ್ಲಾ ಸಿನಿಮಾ ಲೈಫ್‌ಟೈಮ್ ಫ್ರೀ" ಅಂತ ಮಾರುವ ಹೆಸರಿಲ್ಲದ ಆಂಡ್ರಾಯ್ಡ್ ಪೆಟ್ಟಿಗೆಗಳನ್ನು ದಯವಿಟ್ಟು ಮನೆಗೆ ತರಬೇಡಿ. ಕದ್ದ ಮಾಲು ಅನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ, ಇಂಥ ಅಗ್ಗದ ಪೆಟ್ಟಿಗೆಗಳಲ್ಲಿ ಮೊದಲೇ ಕಳ್ಳ ಸಾಫ್ಟ್‌ವೇರ್ ತುಂಬಿ ಬರುತ್ತಿದೆ ಎಂದು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿದೆ, ಬ್ಯಾಡ್‌ಬಾಕ್ಸ್ 2.0 ಅಂತ ಅದರ ಹೆಸರು. ನಿಮ್ಮ ಮನೆಯ ಇಂಟರ್ನೆಟ್ಟನ್ನು ಯಾರೋ ಅಪರಿಚಿತರು ತಮ್ಮ ಕೆಲಸಕ್ಕೆ ಬಳಸುತ್ತಾರೆ. ಬ್ಯಾಂಕಿನ ಕೆಲಸ ಮಾಡುವ ಫೋನು ಅದೇ ವೈಫೈಯಲ್ಲಿ ಇರುತ್ತದೆ, ನೆನಪಿರಲಿ.

ಕೊನೆಗೆ ಒಂದು ಕೋರಿಕೆ. ಸರ್ಕಾರಿ ಕಚೇರಿ, ಬ್ಯಾಂಕು, ಕಾಲೇಜುಗಳು ಈಗ ವಿಂಡೋಸ್ 10ರ ಯಂತ್ರಗಳನ್ನು ಒಟ್ಟೊಟ್ಟಿಗೆ ವಿಲೇವಾರಿ ಮಾಡುತ್ತವೆ. ಎಲ್ಲವನ್ನೂ ಹರಾಜಿಗೆ ಹಾಕುವ ಬದಲು ಡಿಸ್ಕ್ ಪೂರ್ತಿ ಅಳಿಸಿ ಒಂದಷ್ಟನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಕೊಡಬಹುದು. ಟಿವಿ ಇರುವ ಗ್ರಂಥಾಲಯಕ್ಕೆ ಇಂಥ ಒಂದು ಪೆಟ್ಟಿಗೆ ಸಿಕ್ಕರೆ ಊರಿನವರು ತಮ್ಮ ಸಿಡಿಗಳನ್ನು ಅಲ್ಲೇ ತಂದು ಕಾಪಿ ಮಾಡಿಕೊಳ್ಳಬಹುದು, ಮಕ್ಕಳಿಗೆ ಪಾಠದ ವಿಡಿಯೋ ಇಂಟರ್ನೆಟ್ ಇಲ್ಲದೆಯೂ ತೋರಿಸಬಹುದು. ಜಿಲ್ಲಾ ಪಂಚಾಯಿತಿಯವರು ಇದನ್ನು ಯೋಚಿಸಲಿ. ಹಾಗೆಯೇ ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಫೋನಿನ ಸುದ್ದಿ ಜೊತೆಗೆ ಲಿಬ್ರೆಎಲೆಕ್ ಹಾಕುವ ಕ್ರಮವನ್ನು ಚಿತ್ರಗಳ ಸಮೇತ ಒಮ್ಮೆ ಪ್ರಕಟಿಸಿ. ಪೆನ್‌ಡ್ರೈವ್‌ಗೆ ಬರೆಯುವಲ್ಲಿಂದ ಶುರು ಮಾಡಿದರೆ ಪಿಯುಸಿ ಓದುವ ಹುಡುಗ ಹುಡುಗಿಯರು ಒಂದು ಭಾನುವಾರದಲ್ಲಿ ಮಾಡಿ ಮುಗಿಸುತ್ತಾರೆ.

ಇಂತಿ,
ನಿಮ್ಮ ಓದುಗ, ಸಾಗರ