ತೆಂಕಣ ಗಾಳಿ ತಣ್ಣಗೆ ಬೀಸಿದಾಗ

ಕಾರವಾರ
ಆಗಸ್ಟ್ 23

ಪ್ರೀತಿಯ ಗೆಳೆಯಾ,

ಶಿರಸಿಯಿಂದ ನೀನು ಬರೆದ ಪತ್ರ ಕೈಸೇರಿ ಎಂಟು ದಿನಗಳಾದವು. ತಡವಾದದ್ದಕ್ಕೆ ಶಾಲೆಯ ಕಿರುಪರೀಕ್ಷೆಗಳನ್ನು ಕಾರಣವಾಗಿ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನೀನು ಕೇಳಿದ ಪ್ರಶ್ನೆಗೆ ಹಿಂದೊಮ್ಮೆ ತಪ್ಪು ಉತ್ತರವನ್ನು ಕಂಡುಕೊಂಡು, ಏಳು ವರ್ಷ ಅದರ ಬಡ್ಡಿ ಕಟ್ಟಿದವನು ನಾನು. ಆದ್ದರಿಂದ ಬರೆಯಲು ಕುಳಿತಾಗಲೆಲ್ಲ ಕೈ ಹಿಂಜರಿಯಿತು.

ಮೂರು ಸೂಚನೆಗಳು ಒಂದರ ಬೆನ್ನಿಗೊಂದು ಬಂದವೆಂದು ಬರೆದಿದ್ದೀಯೆ. ಭಾನುವಾರದ ಪೂಜೆಯಲ್ಲಿ, ಅಬ್ರಹಾಮನು ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯದೆಯೇ ಕರೆಗೆ ಓಗೊಟ್ಟು ಹೊರಟನೆಂಬ ವಾಚನ. ಮರುದಿನವೇ ಮಸ್ಕತ್ತಿನ ಕೆಲಸದ ವಿಷಯವಾಗಿ ಏಜೆಂಟನ ಫೋನು. ಅದೇ ವಾರ, ನಿನ್ನ ಹೊಲಿಗೆ ಅಂಗಡಿಯ ಮಳಿಗೆಯನ್ನು ದೀಪಾವಳಿಯೊಳಗೆ ಖಾಲಿ ಮಾಡಿಕೊಡಬೇಕೆಂದು ಮಾಲೀಕರ ಮಾತು. ಇದು ದೇವರ ಕರೆಯಲ್ಲದೆ ಮತ್ತೇನು ಎಂದು ಕೇಳಿದ್ದೀಯೆ. ಇರಬಹುದು, ಗೆಳೆಯಾ. ಅಲ್ಲವೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಅಬ್ರಹಾಮನ ಪ್ರಸಂಗವನ್ನು ವಾಚನದಲ್ಲಿ ಕೇಳಿದಷ್ಟಕ್ಕೇ ನಿಲ್ಲಿಸದೆ, ಬೈಬಲಿನ ಆದಿಕಾಂಡದ 12ನೆಯ ಅಧ್ಯಾಯವನ್ನು ತೆಗೆದು ಕೊನೆಯವರೆಗೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಎಪ್ಪತ್ತೈದರ ವಯಸ್ಸಿನಲ್ಲಿ, ಸಾಕ್ಷಾತ್ ದೇವರ ಮಾತನ್ನು ಕೇಳಿಯೇ ಹೊರಟವನಿಗೆ ಆ ನಾಡಿನಲ್ಲಿ ಎದುರಾದದ್ದು ಘೋರವಾದ ಬರ. ಅಲ್ಲಿಂದ ಈಜಿಪ್ಟಿಗೆ ಇಳಿದವನು ಪ್ರಾಣಭಯದಿಂದ ಹೆಂಡತಿಯನ್ನು ತಂಗಿಯೆಂದು ಹೇಳಿ ಅವಳನ್ನು ಅಪಾಯಕ್ಕೆ ಒಡ್ಡಿದ. ಕರೆ ನಿಜವಾದದ್ದೇ, ಹಾಗಿದ್ದೂ ದಾರಿ ಸರಾಗವಾಗಿರಲಿಲ್ಲ, ನಡೆದವನೂ ಎಡವದೆ ಇರಲಿಲ್ಲ. ಬಾಗಿಲು ತಾನಾಗಿ ತೆರೆದರೆ ದೇವರ ಚಿತ್ತ, ಮುಚ್ಚಿದರೆ ಅಲ್ಲ ಎಂಬ ನಮ್ಮ ಲೆಕ್ಕಾಚಾರಕ್ಕೆ ಆ ಒಂದು ಅಧ್ಯಾಯದಲ್ಲಿಯೇ ಆಧಾರ ಸಿಗುವುದಿಲ್ಲ.

ನನ್ನ ಬೋಟಿನ ಕಥೆಯನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೆ. ನಷ್ಟವಾಯಿತೆಂದು ಗೊತ್ತು, ಹೇಗೆ ಶುರುವಾಯಿತೆಂದು ಗೊತ್ತಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ದೊಡ್ಡ ಬಲೆಯಿಂದ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟೊಂದರಲ್ಲಿ ಪಾಲು ತೆಗೆದುಕೊಳ್ಳುವಂತೆ ಪರಿಚಯದವರು ಕರೆದಾಗ, ರಾತ್ರಿ ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಬೈಬಲನ್ನು ತೆರೆದು ಬೆರಳಿಟ್ಟೆ. ಬೆರಳು ಬಿದ್ದದ್ದು ಲೂಕನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ, ಯೇಸುಸ್ವಾಮಿ ಪೇತ್ರನಿಗೆ ದೋಣಿಯನ್ನು ಆಳಕ್ಕೆ ನಡೆಸಿ ಬಲೆ ಬೀಸುವಂತೆ ಹೇಳಿದ ಕಡೆ. ಮೀನಿನ ವ್ಯವಹಾರದ ಬಗ್ಗೆ ಕೇಳಿದವನಿಗೆ ಮೀನಿನ ವಾಕ್ಯವೇ ಸಿಕ್ಕಿತು! ಆ ಕ್ಷಣದಲ್ಲಿ ಮೈ ನವಿರೆದ್ದದ್ದು ಸುಳ್ಳಲ್ಲ. ಶಾಲೆಯ ನೌಕರಿಯಲ್ಲಿದ್ದವನಾದ್ದರಿಂದ ಪಾಲನ್ನು ಹೆಂಡತಿಯ ಹೆಸರಿನಲ್ಲಿ ಬರೆಸಿ, ಸಹಕಾರಿ ಸಂಘವೊಂದರಲ್ಲಿ ಸಾಲ ಎತ್ತಿದೆ. ಎಂಜಿನ್ನಿನ ಸದ್ದಿಗೂ ಕೆಮ್ಮಿಗೂ ವ್ಯತ್ಯಾಸ ತಿಳಿಯದ ಕನ್ನಡ ಮಾಸ್ತರನೊಬ್ಬ ಹೀಗೆ ಬೋಟಿನ ಪಾಲುದಾರನಾದ. ಮುಂದಿನ ಎರಡು ಹಂಗಾಮಿನಲ್ಲಿ ತಾರ್ಲೆ ಮೀನು ಕೈಕೊಟ್ಟಿತು, ಡೀಸೆಲಿನ ಬೆಲೆ ಏರಿತು, ಬಲೆ ಹರಿಯಿತು. ಹೆಂಡತಿಯ ಬಳೆಗಳು ಮೊದಲು ಅಡವಾಗಿ ಆಮೇಲೆ ಮಾರಾಟವಾದವು.

ನೆರೆಮನೆಯ ತಾಂಡೇಲ ಕಾಕಾನನ್ನು ನಾನು ಕೇಳಿರಲಿಲ್ಲ. ನಲವತ್ತು ವರ್ಷ ಸಮುದ್ರ ಕಂಡ ಮನುಷ್ಯ ಬೇಲಿಯ ಆಚೆಗೇ ಇದ್ದ, ಕೇಳಿದರೆ ಬೇಡವೆನ್ನುತ್ತಾನೆಂದು ಗೊತ್ತಿದ್ದದ್ದರಿಂದಲೇ ಕೇಳಲಿಲ್ಲ. ದೇವರನ್ನು ಕೇಳಿದ್ದೇನೆ, ಮನುಷ್ಯರನ್ನೇಕೆ ಕೇಳಬೇಕು ಎಂದು ಆಗ ಮನಸ್ಸಿಗೆ ಸಮಾಧಾನ ಹೇಳಿಕೊಂಡದ್ದು ಭಕ್ತಿಯಾಗಿರಲಿಲ್ಲ, ಜಾಣತನವಾಗಿತ್ತು. ಅದೇ ಪುಟದಲ್ಲಿ, ಇರುಳೆಲ್ಲ ದುಡಿದರೂ ಏನೂ ಸಿಗಲಿಲ್ಲವೆಂದು ಪೇತ್ರನೇ ಹೇಳುವ ಸಾಲು ಇದೆ, ಮೀನು ತುಂಬಿದ ದೋಣಿಯನ್ನು ದಡದಲ್ಲಿಯೇ ಬಿಟ್ಟು ಅವರು ಸ್ವಾಮಿಯ ಹಿಂದೆ ಹೊರಟುಹೋದ ಸಾಲೂ ಇದೆ. ಬೆರಳು ಅವುಗಳ ಮೇಲೆ ಬಿದ್ದಿದ್ದರೆ ನಾನು ಬಹುಶಃ ಪುಟ ತಿರುಗಿಸಿ ಮತ್ತೊಮ್ಮೆ ಬೆರಳಿಡುತ್ತಿದ್ದೆ.

ಈಗ ಇಲ್ಲಿ ನೂಲು ಹುಣ್ಣಿಮೆ ಕಳೆದು, ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿಯಾಗಿ, ಬೈತಖೋಲ್ ಬಂದರಿನಲ್ಲಿ ಮತ್ತೆ ಸದ್ದು ಎದ್ದಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವೆಂಬುದು ನಿನಗೂ ಗೊತ್ತು. ಆ ದಿನಗಳಲ್ಲಿ ಒಂದೊಂದು ಬೆಳಿಗ್ಗೆ ಸಮುದ್ರ ಎಣ್ಣೆ ಸುರಿದಂತೆ ಶಾಂತವಾಗಿ ಮಲಗಿರುತ್ತದೆ. ಒಮ್ಮೆ ಅದನ್ನು ತೋರಿಸಿ, ಇಂಥ ದಿನ ಸುಮ್ಮನೆ ಕೂರಬೇಕೇ ಎಂದು ಕಾಕಾನನ್ನು ಕೇಳಿದ್ದೆ. ಗಾಳಿ ಒಳ್ಳೆಯದಿದೆಯೆಂದು ದೋಣಿ ಬಿಡುವುದಲ್ಲ ಮಾಸ್ತರೇ, ಹೋಗುವ ಕೆಲಸವಿದ್ದರೆ ಗಾಳಿ ನೋಡುವುದು ಎಂದ. ಆತನಿಗೆ ತಿಳಿಯದಂತೆ ಆತ ಸಂತ ಪೌಲನ ಕಡಲಯಾನದ ಪ್ರಸಂಗಕ್ಕೆ ವ್ಯಾಖ್ಯಾನ ಬರೆದಿದ್ದ.

ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ನಾನು ಈ ಹತ್ತು ವರ್ಷಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಕೈದಿಯಾಗಿ ರೋಮಿಗೆ ಹೋಗುತ್ತಿದ್ದ ಪೌಲನಿದ್ದ ಹಡಗು ಕ್ರೀಟ್ ದ್ವೀಪದ ಬಂದರೊಂದರಲ್ಲಿ ತಂಗಿದೆ. ಉಪವಾಸದ ಹಬ್ಬ ಕಳೆದಿದೆ, ಅಂದರೆ ಕಡಲು ಕೆಡುವ ಕಾಲ. ಮುಂದೆ ಹೋದರೆ ಹಡಗಿಗೂ ಜೀವಕ್ಕೂ ಹಾನಿ ಎಂದು ಪೌಲ ಹೇಳುತ್ತಾನೆ. ಹಾಗೆ ಹೇಳಲು ಅವನಿಗೆ ಆಗ ಯಾವ ದೂತನೂ ಕಾಣಿಸಿಕೊಂಡಿರಲಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ತಾನು ಮೂರು ಸಲ ಹಡಗು ಒಡೆದು ಕಷ್ಟಪಟ್ಟವನೆಂದು ಅವನೇ ಹೇಳಿಕೊಂಡಿದ್ದಾನೆ, ಆ ಪತ್ರ ಈ ಪ್ರಯಾಣಕ್ಕಿಂತ ಮೊದಲಿನದು. ಅನುಭವದಿಂದ ಬಂದ ಮಾತನ್ನು ಆಡಿದವನು ಪ್ರೇಷಿತನೇ ಆಗಿದ್ದರೂ, ಕೈದಿಗಳ ಕಾವಲಿಗಿದ್ದ ರೋಮನ್ ಸೇನಾಧಿಕಾರಿಯಾದ ಶತಾಧಿಪತಿಗೆ ಚುಕ್ಕಾಣಿಗನ ಮಾತೂ ಹಡಗಿನ ಒಡೆಯನ ಮಾತೂ ಹೆಚ್ಚು ರುಚಿಸಿತು. ಅಷ್ಟರಲ್ಲಿ ತೆಂಕಣ ಗಾಳಿ ತಣ್ಣಗೆ ಬೀಸಿತು. ತಾವು ಅಂದುಕೊಂಡದ್ದು ಕೈಗೂಡಿತೆಂದು ಎಲ್ಲರೂ ಲಂಗರು ಎತ್ತಿದರು. ನನ್ನ ಬೆರಳು ಲೂಕನ ಪುಟದ ಮೇಲೆ ಬಿದ್ದ ಆ ರಾತ್ರಿ ಬೀಸಿದ್ದೂ ಈ ಗಾಳಿಯೇ. ಸ್ವಲ್ಪ ಹೊತ್ತಿನಲ್ಲಿಯೇ ಈಶಾನ್ಯದ ಬಿರುಗಾಳಿ ಎದ್ದಿತು, ಅನೇಕ ದಿನ ಸೂರ್ಯನೂ ಕಾಣಲಿಲ್ಲ, ನಕ್ಷತ್ರವೂ ಕಾಣಲಿಲ್ಲ.

ದೇವರ ಮಾತು ಅಲ್ಲಿ ಬರುವುದು ಬಿರುಗಾಳಿಯ ನಡುವೆ: ಹಡಗು ಹೋಗುತ್ತದೆ, ಒಬ್ಬನ ಜೀವವೂ ಹೋಗುವುದಿಲ್ಲ. ಇಂಥ ಭರವಸೆ ಸಿಕ್ಕ ಮೇಲೆ ನಾನಾಗಿದ್ದರೆ ಹಾಯಾಗಿ ಮಲಗುತ್ತಿದ್ದೆ. ಹದಿನಾಲ್ಕನೆಯ ರಾತ್ರಿ ನಾವಿಕರು ಗುಂಡುಹಗ್ಗ ಇಳಿಸಿ ಆಳ ಅಳೆದರು: ಮೊದಲು 20 ಮಾರು, ಸ್ವಲ್ಪ ಮುಂದೆ 15 ಮಾರು. ಬಂಡೆಗೆ ಬಡಿದೇವೆಂಬ ಭಯದಿಂದ ಹಿಂಬದಿಯಿಂದ ನಾಲ್ಕು ಲಂಗರು ಬಿಟ್ಟು, ಬೆಳಗಾಗಲೆಂದು ಹಾರೈಸುತ್ತ ಕುಳಿತರು. ಅದೇ ರಾತ್ರಿ ನಾವಿಕರು ಲಂಗರು ಹಾಕುವ ನೆಪದಲ್ಲಿ ಕಿರುದೋಣಿ ಇಳಿಸಿ ಓಡಿಹೋಗಲು ನೋಡಿದಾಗ, ಯಾರೂ ಸಾಯುವುದಿಲ್ಲವೆಂಬ ದೇವರ ಮಾತನ್ನು ಕೇಳಿದ ಅದೇ ಪೌಲ ಶತಾಧಿಪತಿಗೆ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ ಎಂದು ಎಚ್ಚರಿಸಿದ. ದೇವರ ವಾಗ್ದಾನವಿದ್ದರೂ ಕಸುಬು ಬಲ್ಲವರು ಬೇಕೇ ಬೇಕು. ಬೆಳಗಿನ ಜಾವ ಪೌಲ ರೊಟ್ಟಿಯನ್ನು ತೆಗೆದುಕೊಂಡು, ದೇವರಿಗೆ ಕೃತಜ್ಞತೆ ಹೇಳಿ, ಮುರಿದು ತಿಂದು, ಎಲ್ಲರಿಗೂ ತಿನ್ನುವಂತೆ ಧೈರ್ಯ ತುಂಬಿದ. 276 ಜನರೂ ಈಜಿಕೊಂಡು, ಹಲಗೆ ಹಿಡಿದು, ಮಾಲ್ಟಾ ದ್ವೀಪದ ದಡ ಮುಟ್ಟಿದರು. ಹಡಗು ಒಡೆದುಹೋಯಿತು. ದೇವರು ನಡೆಸಿದ ಪ್ರಯಾಣ ಎಂದರೆ ಹಡಗು ಉಳಿದ ಪ್ರಯಾಣವೇ ಆಗಬೇಕೆಂದಿಲ್ಲ.

ಇನ್ನೊಂದು ಮಾತು. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತಲ್ಲ, ಅದಕ್ಕೆ ಕೆಲವೇ ಗಂಟೆಗಳ ಮೊದಲು ನಾನು ಸದಾಶಿವಗಡದ ಕಡೆಯಿಂದ ಅದೇ ಸೇತುವೆಯ ಮೇಲೆ ಬೈಕಿನಲ್ಲಿ ಬಂದಿದ್ದೆ. ದೇವರು ನಿನ್ನನ್ನು ದಾಟಿಸಿದರು ಎಂದು ಇಗರ್ಜಿಯ ಅಂಗಳದಲ್ಲಿ ಎಷ್ಟೋ ಜನ ಕೈಹಿಡಿದು ಹೇಳಿದರು. ಕೃತಜ್ಞತೆಯಿಂದ ತಲೆಯಾಡಿಸಿದೆ. ಆದರೆ ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿಂದ ಗಂಗಾವಳಿ ನದಿಗೆ ಜಾರಿದಾಗ, ಬದಿಯ ಚಹಾ ಅಂಗಡಿಯಲ್ಲಿ ದಿನವೂ ದುಡಿದು ತಿನ್ನುತ್ತಿದ್ದವರು ಹೋದರು. ನನ್ನನ್ನು ದಾಟಿಸಿದ ದೇವರು ಅವರನ್ನು ದಾಟಿಸಲಿಲ್ಲವೇ? ಸಿಲೋವದ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿಯ ವಿಷಯವನ್ನು ಯೇಸುಸ್ವಾಮಿಯೇ ಎತ್ತಿ, ಅವರು ಜೆರುಸಲೇಮಿನ ಉಳಿದೆಲ್ಲರಿಗಿಂತ ದೊಡ್ಡ ಅಪರಾಧಿಗಳೆಂದು ಭಾವಿಸುತ್ತೀರೋ ಎಂದು ಕೇಳಿ, ಇಲ್ಲವೆಂದು ಹೇಳಿದ್ದು ಲೂಕನ 13ನೆಯ ಅಧ್ಯಾಯದಲ್ಲಿದೆ. ಅವರೇ ಏಕೆ ಎಂಬುದಕ್ಕೆ ಸ್ವಾಮಿ ಕಾರಣ ಕೊಡಲಿಲ್ಲ. ಕೇಳುತ್ತ ನಿಂತವರು ಮನಸ್ಸು ತಿರುಗಿಸಿಕೊಳ್ಳಬೇಕೆಂದರು. ಅಂದಿನಿಂದ ನಾನು ಪಾರಾದದ್ದನ್ನು ದೇವರ ವಿಶೇಷ ಕಟಾಕ್ಷವೆಂದು ಜನರ ಮುಂದೆ ಹೇಳುವುದನ್ನು ಬಿಟ್ಟಿದ್ದೇನೆ. ಆ ಚಹಾ ಅಂಗಡಿಯವರ ಬಂಧುಗಳು ಕೇಳಿಸಿಕೊಂಡರೆ ಹೇಳಲು ನಾಚಿಕೆಯಾಗುವ ಸಾಕ್ಷಿಯನ್ನು ಇಗರ್ಜಿಯಲ್ಲಿಯೂ ಹೇಳಬಾರದು ಎಂಬುದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದಿರಬಹುದು.

ಹಾಗಾದರೆ ದೇವರು ನಮ್ಮನ್ನು ನಡೆಸುವುದೇ ಇಲ್ಲವೇ ಎಂದು ನೀನು ಕೇಳುತ್ತೀಯೆ. ನಡೆಸುತ್ತಾನೆ, ನನ್ನ ಬದುಕಿನಲ್ಲಿ ಅದು ಸೂಚನೆಗಳ ರೂಪದಲ್ಲಿ ಬಂದದ್ದಕ್ಕಿಂತ, ಇಂದಿನ ಕರ್ತವ್ಯ ಇದು ಎಂಬ ತಿಳಿವಿನ ರೂಪದಲ್ಲಿ ಬಂದದ್ದೇ ಹೆಚ್ಚು. ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಕೊಟ್ಟ ಮನ್ನಾ ಎಂಬ ಆಹಾರ ಸಿಕ್ಕಿದ್ದು ದಿನದಿನದ ಲೆಕ್ಕದಲ್ಲಿ, ನಾಳೆಗೆಂದು ಕೂಡಿಟ್ಟದ್ದು ಹುಳ ಬಿದ್ದು ನಾರಿತು, ಸಬ್ಬತ್ ಎಂಬ ವಿಶ್ರಾಂತಿಯ ದಿನದ ಪಾಲೊಂದನ್ನು ಬಿಟ್ಟು. ಸಾಲದ ಆ ಏಳು ವರ್ಷಗಳಲ್ಲಿ ಸಂಜೆ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ಕಂತು ಕಟ್ಟಿದೆ. ಮುಂದಿನ ತಿಂಗಳ ಕಂತು ಎಲ್ಲಿಂದ ಬರುತ್ತದೆಂದು ಒಮ್ಮೆಯೂ ಮೊದಲೇ ಗೊತ್ತಿರಲಿಲ್ಲ, ಒಂದು ಕಂತೂ ತಪ್ಪಲಿಲ್ಲ. ಆ ಸಾಲವೇ ದೇವರ ಯೋಜನೆಯಾಗಿತ್ತೆಂದು ಮಾತ್ರ ಹೇಳಲಾರೆ. ಸಾಲ ನನ್ನ ಆಸೆಯದು. ಆಸೆಯ ಹಿಂದೆ ಹೋದವನ ಜೊತೆಗೂ ಆತ ನಡೆದು ಬಂದ ಎಂಬಷ್ಟನ್ನು ಬಲ್ಲೆ.

ನೀನು ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರ ವಿಷಯವನ್ನು ಕೇಳಿರುತ್ತೀಯೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದು ಮಲಗಿದ್ದಾಗ ಅವರು ತಮ್ಮ ಹಗಲುಗನಸುಗಳನ್ನೇ ಪರೀಕ್ಷಿಸಿದರು. ವೀರನಾಗಿ ಮೆರೆಯುವ ಕನಸು ಕಾಣುವಾಗ ಸಿಹಿಯಾಗಿದ್ದು ಆಮೇಲೆ ಮನಸ್ಸನ್ನು ಒಣಗಿಸುತ್ತಿತ್ತು. ಸಂತರಂತೆ ಬದುಕುವ ಕನಸು ಮುಗಿದ ಮೇಲೂ ನೆಮ್ಮದಿ ಉಳಿಸುತ್ತಿತ್ತು. ಮನಸ್ಸು ಕತ್ತಲಾಗಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬಾರದೆಂದು ಮುಂದೆ ಅವರು ನಿಯಮವನ್ನೇ ಬರೆದರು. ಸೂರ್ಯ ನಕ್ಷತ್ರಗಳಿಲ್ಲದ ಇರುಳಿನಲ್ಲಿ ಲಂಗರು ಬಿಟ್ಟು ಬೆಳಗಿಗೆ ಕಾಯುವುದೂ ಅದೇ ಅಲ್ಲವೇ? ಮಳಿಗೆ ಬಿಡಬೇಕೆಂಬ ಮಾತು ಕೇಳಿದ ಆಘಾತದಲ್ಲಿ ನೀನು ಈಗ ಇದ್ದೀಯೆ. ದೀಪಾವಳಿಗೆ ಇನ್ನೂ ಸಮಯವಿದೆ. ಮಸ್ಕತ್ತಿನ ಕೆಲಸವನ್ನು ನೆನೆಸಿಕೊಂಡಾಗ ಒಂದು ಗಂಟೆಯ ಮೇಲೆ ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂಬುದನ್ನು ಕೆಲವು ದಿನ ಗಮನಿಸು.

ಜೊತೆಗೆ ಆಳವನ್ನೂ ಅಳೆ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರಿಗೆ ಕೇಂದ್ರ ಸರ್ಕಾರದ ನೋಂದಣಿ ಇರಲೇಬೇಕು. ಅವರು ಕೆಲಸಗಾರನಿಂದ ತೆಗೆದುಕೊಳ್ಳುವ ಸೇವಾ ಶುಲ್ಕ, ತೆರಿಗೆ ಬಿಟ್ಟು, 30,000 ರೂಪಾಯಿ ಮೀರುವಂತಿಲ್ಲ. ನಿನ್ನ ಏಜೆಂಟ್ ಕೇಳಿರುವುದು ಅದರ ಮೂರು ಪಟ್ಟು. ನೋಂದಣಿ ಸಂಖ್ಯೆ ಕೇಳು. ಅದನ್ನು ಕೇಳುವುದು ಅವಿಶ್ವಾಸವಲ್ಲ, ಗುಂಡುಹಗ್ಗ ಇಳಿಸುವುದು.

ಕೊನೆಗೆ, ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದ ಮಾತು. ನಿನ್ನ ನಾಲ್ಕು ಪುಟಗಳ ಪತ್ರದಲ್ಲಿ ಅಬ್ರಹಾಮನು ಆರು ಸಲ ಬಂದಿದ್ದಾನೆ, ಅಮ್ಮ ಒಂದೇ ಸಲ ಬಂದಿದ್ದಾರೆ, ಅದೂ ಅಮ್ಮನಿಗೆ ಇನ್ನೂ ತಿಳಿಸಿಲ್ಲ ಎಂಬ ಸಾಲಿನಲ್ಲಿ. ಕಾಕಾನನ್ನು ನಾನು ಏಕೆ ಕೇಳಿರಲಿಲ್ಲವೆಂದು ಮೇಲೆ ಬರೆದಿದ್ದೇನೆ. ಆ ಭಾಗವನ್ನು ದಯವಿಟ್ಟು ಇನ್ನೊಮ್ಮೆ ಓದು.

ಬರುವ ಶನಿವಾರ ಸಾಧ್ಯವಾದರೆ ಇಲ್ಲಿಗೆ ಬಾ. ದೇವಿಮನೆ ಘಟ್ಟದಲ್ಲಿ ಮಳೆ ಇನ್ನೂ ಬಿಟ್ಟಿಲ್ಲವಾದ್ದರಿಂದ ಕತ್ತಲಾಗುವ ಬಸ್ಸು ಬೇಡ, ಬೆಳಗಿನದಕ್ಕೆ ಹೊರಡು. ಕೆಲಸದ ಒಪ್ಪಂದದ ಪ್ರತಿಯನ್ನು ತರುವುದನ್ನು ಮರೆಯಬೇಡ. ಇಬ್ಬರೂ ಕುಳಿತು ಸಾಲು ಬಿಡದೆ ಓದೋಣ. ಅಮ್ಮ ಬರಲೊಪ್ಪಿದರೆ ಕರೆದುಕೊಂಡು ಬಾ, ಕಾಕಾನ ಮನೆಯಿಂದ ಬಂಗಡೆ ಬರುವುದಿದೆ.

ನಿನ್ನ,
ಕಾರವಾರದ ಗೆಳೆಯ