ಮಲೆನಾಡಿನ ಕೆಸರಿಗೆ ಹಳೆಯ ಜೀಪು: ಗೆಳೆಯನಿಗೊಂದು ಪತ್ರ

ಸಕಲೇಶಪುರ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ಮೂಡಿಗೆರೆ ಕಡೆಯ ತೋಟವೊಂದರಿಂದ ನೀನು ಕೊಂಡಿರುವ ಮಹೀಂದ್ರಾ ಎಂಎಂ 540 ಜೀಪಿನ ಚಿತ್ರಗಳನ್ನೂ ಅದಕ್ಕೆ ಹಾಕಿಸಬೇಕೆಂದು ಬರೆದಿಟ್ಟುಕೊಂಡ ಸಾಮಾನುಗಳ ಪಟ್ಟಿಯನ್ನೂ ನೋಡಿದೆ. ಕರೆಂಟ್ ವಿಂಚು (ಸಿಕ್ಕಿಕೊಂಡ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ), ದಪ್ಪ ಕಬ್ಬಿಣದ ಬಂಪರು, ತಲೆಯ ಮೇಲೊಂದು ದೀಪದ ಸಾಲು, 31 ಅಂಗುಲದ ಟೈರು ಎಲ್ಲವೂ ಅದರಲ್ಲಿವೆ. ಒಂದು ಗ್ರೀಸ್ ಗನ್ನಾಗಲಿ, ಒಂದು ಫ್ಯಾನ್ ಬೆಲ್ಟಾಗಲಿ ಇಲ್ಲ. ಹಾಗಾಗಿಯೇ ಈ ಪತ್ರ ಸ್ವಲ್ಪ ಉದ್ದವಾಗಲಿದೆ. ಹಳೆಯ ಗಾಡಿಗೆ ಹೊಸದೇನನ್ನಾದರೂ ಸೇರಿಸುವ ಮೊದಲು ಅದರಲ್ಲಿ ಈಗಾಗಲೇ ಇರುವುದನ್ನು ನೆಟ್ಟಗೆ ಮಾಡಿಸಬೇಕು. ಆಮೇಲೆ ಸೇರಿಸುವುದು ಏನೇ ಇದ್ದರೂ, ಸುರಿಯುವ ಮಳೆಯಲ್ಲಿ, ಫೋನಿಗೆ ಸಿಗ್ನಲ್ ಸಿಗದ ಕಡೆ, ನಿನ್ನ ಕೈಯಿಂದಲೇ ಬಿಚ್ಚಿ ಕಟ್ಟಲು ಬರುವಂಥದ್ದಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಡಿಯ ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಮಹೀಂದ್ರಾ ಕಂಪನಿಯು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಆರಂಭಿಸಿತಲ್ಲ, ಆ ವಂಶಕ್ಕೇ ಸೇರಿದ ಗಾಡಿಯಿದು. ಎಂಜಿನ್ ಮಾತ್ರ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್. ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಡೀಸೆಲ್ ಪಂಪು ಪೂರಾ ಯಾಂತ್ರಿಕವಾದದ್ದು. ಚಳಿಗಾಲದ ಬೆಳಗಿನಲ್ಲಿ ಹೀಟರ್ ಪ್ಲಗ್ಗುಗಳು ಕಾಯದಿದ್ದರೆ ಮೊಂಡು ಹಿಡಿಯುತ್ತದೆಯಾದರೂ ಸೆಲ್ಫ್ ಕೆಟ್ಟ ದಿನ ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡಿಕೊಂಡು ಮನೆಗೆ ಬರಬಹುದು. ಇದನ್ನು ಬಿಚ್ಚಬಲ್ಲ ಮೇಸ್ತ್ರಿಗಳು ನಮ್ಮ ಕಡೆಯ ಪೇಟೆಗಳಲ್ಲಿ ಇನ್ನೂ ಇದ್ದಾರೆ ಎಂಬುದೇ ಯಾವ ವಿಂಚಿಗಿಂತಲೂ ದೊಡ್ಡ ಸೌಕರ್ಯವೆಂದು ತಿಳಿ. ಈ ಮಿಶ್ರ ವಂಶದ ಒಂದು ಪರಿಣಾಮವನ್ನು ಮಾತ್ರ ಈಗಲೇ ನೆನಪಿಟ್ಟುಕೊಳ್ಳಬೇಕು. ಆಕ್ಸಲ್, ಸ್ಪ್ರಿಂಗು, ಬಾಡಿಗಳ ಬೋಲ್ಟುಗಳು ಬಹುಮಟ್ಟಿಗೆ ಇಂಚಿನ ಅಳತೆಯವು, ಎಂಜಿನ್ನಿನವು ಮಿಲಿಮೀಟರಿನವು; ಆದ್ದರಿಂದ ಎರಡೂ ಬಗೆಯ ಸ್ಪ್ಯಾನರುಗಳಿಲ್ಲದ ಪೆಟ್ಟಿಗೆ ಅರ್ಧ ಪೆಟ್ಟಿಗೆಯೇ ಸರಿ. ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳು ಲೆಫ್ಟ್ ಥ್ರೆಡ್, ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುವಂಥವು, ಆಗಿರುವುದುಂಟು. ನಿನ್ನ ಗಾಡಿಯದು ಹೇಗಿದೆಯೆಂದು ಮನೆಯಂಗಳದಲ್ಲಿಯೇ ನೋಡಿಕೋ. ಕೆಸರಿನಲ್ಲಿ ನಿಂತು ತಿರುಗದ ನಟ್ಟಿನ ಮೇಲೆ ಹತ್ತಿ ಕುಣಿದು ಸ್ಟಡ್ ಮುರಿದುಕೊಂಡವರನ್ನು ನಾನು ಕಂಡಿದ್ದೇನೆ.

ಮೊದಲ ಹಣ ಚಾಸಿಸ್ಸಿಗೆ, ಅಂದರೆ ಗಾಡಿಯಡಿಯ ಕಬ್ಬಿಣದ ಚೌಕಟ್ಟಿಗೆ, ಹೋಗಲಿ. ತೋಟದ ಜೀಪು ಜನರಿಗಿಂತ ಹೆಚ್ಚಾಗಿ ಗೊಬ್ಬರವನ್ನು ಹೊತ್ತಿರುತ್ತದೆ. ಪೊಟ್ಯಾಷ್ ಗೊಬ್ಬರವೆಂದರೆ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪೇ. ಹರಿದ ಚೀಲದಿಂದ ಉದುರಿದ್ದು ಮಳೆಗಾಲದ ತೇವಕ್ಕೆ ಕರಗಿ, ನೆಲದ ತಗಡಿನ ಕೆಳಗೆ ಇಳಿದು, ವರ್ಷಗಟ್ಟಲೆ ಕಬ್ಬಿಣವನ್ನು ತಿನ್ನುತ್ತಿರುತ್ತದೆ. ಮಾರುವವರು ಮೇಲೆ ಕಪ್ಪು ಬಣ್ಣ ಬಳಿದಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹಿಂದಿನ ಸ್ಪ್ರಿಂಗಿನ ಶ್ಯಾಕಲ್ (ತೂಗುಕೊಂಡಿ) ಕೂರುವ ಜಾಗ, ಸ್ಟಿಯರಿಂಗ್ ಬಾಕ್ಸ್ ಹಿಡಿದಿರುವ ಜಾಗ, ಅಡ್ಡಪಟ್ಟಿಗಳ ಮೂಲೆಗಳು ಇವನ್ನೆಲ್ಲ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗು. ಗಟ್ಟಿ ಕಬ್ಬಿಣ ಕಂಚಿನ ದನಿ ಕೊಡುತ್ತದೆ, ತುಕ್ಕು ಹಿಡಿದದ್ದು ಮೊದ್ದು ಸದ್ದು ಮಾಡುತ್ತದೆ. ಟೊಳ್ಳಾದ ಚಾಸಿಸ್ಸಿಗೆ ವಿಂಚು ಕಟ್ಟಿ ಎಳೆದರೆ ಗಾಡಿ ಕೆಸರಿನಲ್ಲಿಯೇ ಉಳಿದು ಬಂಪರು ಮಾತ್ರ ಹೊರಗೆ ಬಂದೀತು.

ಅನಂತರ ನಾಲ್ಕೂ ಚಕ್ರದ ಬೇರಿಂಗುಗಳನ್ನು ತೆಗೆಸಿ, ತೊಳೆಸಿ, ಹೊಸ ಗ್ರೀಸ್ ತುಂಬಿಸು. ಚಕ್ರವನ್ನು ನೆಲದಿಂದೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ಬೇರಿಂಗೋ ಕಿಂಗ್ ಪಿನ್ನೋ ಸವೆದಿದೆ ಎಂದು ಅರ್ಥ. ಆಕ್ಸಲ್ ನಡುವಿನ ಗೇರುಗಳ ಪೆಟ್ಟಿಗೆಯಾದ ಡಿಫರೆನ್ಷಿಯಲ್ಲಿನ ಎಣ್ಣೆಯ ಡ್ರೈನ್ ಪ್ಲಗ್ ಬಿಚ್ಚಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಒಳಗೆ ನೀರು ಹೊಕ್ಕಿದೆ. ಅದು ಹೊಗುವ ಬಗೆಯನ್ನು ತಿಳಿದುಕೊಂಡರೆ ತಡೆಯುವುದು ಸುಲಭ. ದೂರ ಓಡಿ ಬಿಸಿಯಾದ ಅದರ ಹೌಸಿಂಗು (ಹೊರಕವಚ) ತಣ್ಣನೆಯ ಹಳ್ಳಕ್ಕಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿರುವ ಬ್ರೀದರ್ (ಗಾಳಿಯಾಡುವ ಸಣ್ಣ ತೂತು) ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದಲೂ, ತೆರೆದಿದ್ದರೆ ಬ್ರೀದರಿನಿಂದಲೇ ನೇರವಾಗಿಯೂ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿದರಾಯಿತು. ಇಷ್ಟು ಮಾಡದೆ ಸ್ನಾರ್ಕೆಲ್ ಹಾಕಿಸುವುದು ಶೋಕಿಯೇ ಹೊರತು ಬೇರೇನಲ್ಲ. ಹೌಸಿಂಗಿಗೆ ಇಪಿ 90 ಎಣ್ಣೆ ಸಾಕು. ಗೇರ್‌ಬಾಕ್ಸಿಗೆ ಮಾತ್ರ ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ ಒಗ್ಗುವ ದರ್ಜೆಯದನ್ನು ಮೇಸ್ತ್ರಿಯನ್ನು ಕೇಳಿ ಹಾಕಿಸು.

ಪಟ್ಟಿ ಸ್ಪ್ರಿಂಗನ್ನು ಎತ್ತರಿಸುವ ಆಸೆಯನ್ನು ಸದ್ಯಕ್ಕೆ ಬದಿಗಿಡು. ಬುಷ್ಷು, ಶ್ಯಾಕಲ್ಲು, ಸೆಂಟರ್ ಬೋಲ್ಟು, ಯು ಬೋಲ್ಟುಗಳನ್ನು ಹೊಸದಾಗಿ ಹಾಕಿಸಿದರೆ ಅದೇ ಗಾಡಿ ಬೇರೆಯದೇ ಆಗಿ ಓಡುತ್ತದೆ. ಸೆಂಟರ್ ಬೋಲ್ಟು ಚಿಕ್ಕ ಸಾಮಾನು. ಆದರೆ ಯು ಬೋಲ್ಟು ಸಡಿಲವಾಗಿ ಅದು ತುಂಡಾದರೆ ಆಕ್ಸಲ್ ಹಿಂದಕ್ಕೆ ಸರಿದು ಗಾಡಿ ಓರೆಯಾಗಿ ನಡೆಯುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ನಮ್ಮ ಮಳೆಯ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಹಳ್ಳ ದಾಟಿದ ಮೇಲೆ ಪೆಡಲನ್ನು ಹಗುರವಾಗಿ ಒತ್ತಿಕೊಂಡು ಸ್ವಲ್ಪ ದೂರ ಹೋದರೆ ಡ್ರಮ್ಮು ಒಣಗುತ್ತದೆ.

ಇನ್ನು ಟೈರು. 31 ಅಂಗುಲದ ಟೈರು ನೋಡಲು ಚೆನ್ನ, ಆದರೆ ಚಕ್ರ ದೊಡ್ಡದಾದಷ್ಟೂ ಗೇರಿನ ಬಲ ಕುಗ್ಗುತ್ತದೆ, ಸ್ಪೀಡೋಮೀಟರು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕು ಮತ್ತು ಸ್ಟಿಯರಿಂಗಿನ ಮೇಲೆ ಭಾರ ಬೀಳುತ್ತದೆ. ಈ ಜೀಪುಗಳಿಗೆ ಹೊಂದಿದ 6.00-16 ಅಳತೆಯ ಕಿರಿದಾದ ಟೈರನ್ನು ಹಳೆಯದೆಂದು ತಳ್ಳಿಹಾಕಬೇಡ. ನಮ್ಮ ತೋಟದ ದಾರಿಗಳಲ್ಲಿ ಮೇಲಿನ ಕೆಂಪು ಮಣ್ಣು ಮಳೆಗೆ ಬೆಣ್ಣೆಯಂತಾದರೂ ಅದರಡಿ ಗಟ್ಟಿ ನೆಲವಿರುತ್ತದೆ. ಕಿರಿದಾದ ಟೈರು ಕೆಸರನ್ನು ಸೀಳಿಕೊಂಡು ಆ ನೆಲವನ್ನು ಮುಟ್ಟುತ್ತದೆ, ಅಗಲವಾದದ್ದು ಮೇಲೆಯೇ ತೇಲುತ್ತದೆ. ಪಾಳುಬಿದ್ದ ಹಡ್ಲುಗದ್ದೆಗಳಲ್ಲಿ ತಳವೇ ಇರುವುದಿಲ್ಲವಾದ್ದರಿಂದ ಅಲ್ಲಿಗೆ ಯಾವ ಟೈರೂ ಸಲ್ಲದು, ಸುತ್ತಿಕೊಂಡು ಹೋಗುವುದೇ ಜಾಣತನ. ಕಲ್ಲುದಾರಿಯಲ್ಲಿ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಹಿಡಿತವೂ ಹೆಚ್ಚುತ್ತದೆ, ಎತ್ತಾಟವೂ ಕಡಿಮೆಯಾಗುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಭಯವಿದೆ. ಡಾಂಬರಿಗೆ ಮರಳಿದ ಮೇಲೆ ಮತ್ತೆ ತುಂಬಲು ಒಂದು ಸಣ್ಣ ಕಂಪ್ರೆಸರು ಜೊತೆಯಲ್ಲಿರಲಿ.

ಮಳೆಗಾಲಕ್ಕೆ ನಮ್ಮವರ ನಿಜವಾದ ಸಾಧನ ಟೈರಿನ ಚೈನು. ತೋಟದ ಜೀಪುಗಳು ಆಷಾಢದ ಮಳೆಯಲ್ಲಿ ಏರುದಾರಿಯನ್ನು ಹತ್ತುವುದು ಚೈನಿನ ಬಲದಿಂದಲೇ. ಒಂದೇ ಜೊತೆ ಇದ್ದರೆ ಹತ್ತುವಾಗ ಹಿಂದಿನ ಚಕ್ರಕ್ಕೆ ಕಟ್ಟುವುದು ವಾಡಿಕೆ, ಆದರೆ ಕಡಿದಾದ ಇಳಿಜಾರಿನಲ್ಲಿ ಗಾಡಿಯನ್ನು ದಾರಿಗೆ ಹಿಡಿದಿಡುವುದು ಮುಂದಿನ ಚಕ್ರ. ಆದ್ದರಿಂದ ಎರಡು ಜೊತೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇಳಿಯುವಾಗ ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು), ಮೊದಲನೇ ಗೇರು, ಕ್ಲಚ್ಚಿನಿಂದ ಕಾಲು ದೂರ. ಕೆಸರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಕಟ್ಟಿಕೊಂಡು ಗಾಡಿ ಜಾರುಬಂಡೆಯಾಗುತ್ತದೆ. ಒಣ ಡಾಂಬರಿಗೆ ಬಂದೊಡನೆ ಚೈನನ್ನೂ ಬಿಚ್ಚು, ಫೋರ್ ವೀಲನ್ನೂ ತೆಗೆ. ಮುಂದಿನ ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಈ ಗಾಡಿಯಲ್ಲಿ ತಿರುವುಗಳಲ್ಲಿ ಒತ್ತಡ ಕಟ್ಟಿಕೊಂಡು ಕ್ರಾಸೋ (ಪ್ರೊಪೆಲ್ಲರ್ ಶಾಫ್ಟಿನ ಕೀಲು) ಗೇರೋ ಮುರಿಯುತ್ತದೆ.

ವಿಂಚಿನ ಬಗ್ಗೆ ನೀನು ಬಹಳ ಉತ್ಸಾಹದಿಂದ ಬರೆದಿದ್ದೀಯೆ. ಕರೆಂಟ್ ವಿಂಚು ಪೂರ್ತಿ ಭಾರ ಎಳೆಯುವಾಗ 300 ಆಂಪಿಯರನ್ನೂ ದಾಟಿ ಕುಡಿಯುತ್ತದೆ. ನಿನ್ನ ಹಳೆಯ ಡೈನಮೋ ಅದನ್ನು ಭರಿಸಲಾರದು, ಕೆಸರಿನಲ್ಲಿ ಸಿಕ್ಕಿಕೊಂಡ ಗಾಡಿಗೆ ಬ್ಯಾಟರಿಯೂ ಇಲ್ಲದಂತಾಗುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಎಳೆತದ ಬಲವು ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಉಳಿದಾಗಿನದು, ಪದರ ಹೆಚ್ಚಿದಂತೆ ಬಲ ಇಳಿಯುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಮರದ ದಿಮ್ಮಿ ಎಳೆಯುವವರು ಬಳಸುವ, ಕೈಯಿಂದ ಹಿಡಿ ಆಡಿಸಿ ತಂತಿಹಗ್ಗವನ್ನು ಎಳೆಯುವ ಯಂತ್ರವನ್ನೇ ನಾನು ಆರಿಸುತ್ತೇನೆ. ಅದು ಭಾರ, ನಿಧಾನ, ಬೆವರಿಳಿಸುವಂಥದ್ದು. ಆದರೆ ಮುಂದಕ್ಕೂ ಹಿಂದಕ್ಕೂ ಬದಿಗೂ ಎಳೆಯಬಲ್ಲದು, ಕರೆಂಟು ಬೇಡುವುದಿಲ್ಲ. ಒಂದು ಸ್ನ್ಯಾಚ್ ಬ್ಲಾಕ್ (ಹಗ್ಗ ಹಾಯಿಸುವ ರಾಟೆ) ಸೇರಿಸಿದರೆ ಎಳೆಯುವ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬಿಗಿದ ಹಗ್ಗದ ಮೇಲೆ ನೆನೆಸಿದ ಗೋಣಿಚೀಲವೊಂದನ್ನು ಹಾಕಿರಬೇಕು, ತುಂಡಾದರೆ ಅದು ಹಾರುವ ರಭಸ ತಗ್ಗುತ್ತದೆ. ಯಾರೂ ಹಗ್ಗದ ನೇರಕ್ಕೆ ನಿಲ್ಲಬಾರದು.

ನಮ್ಮ ಕಡೆಗೇ ಸೇರಿದ ಒಂದು ಮಾತಿದೆ. ಹಗ್ಗ ಕಟ್ಟಲು ತೋಟದಲ್ಲಿ ಮರಗಳಿಗೇನೂ ಬರವಿಲ್ಲ, ಆದರೆ ಒಂದೊಂದು ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ವರ್ಷಗಟ್ಟಲೆ ಸಾಕಿದ ಬಳ್ಳಿಯನ್ನು ನಿನ್ನ ಬೆಲ್ಟು ಕ್ಷಣದಲ್ಲಿ ಜಜ್ಜಿ ಹಾಕಿದರೆ ಆ ತೋಟದ ದಾರಿ ನಿನಗೆ ಶಾಶ್ವತವಾಗಿ ಮುಚ್ಚಿದಂತೆಯೇ. ಬಳ್ಳಿಯಿಲ್ಲದ, ಬೇರು ಗಟ್ಟಿಯಿರುವ ಮರವನ್ನು ಹುಡುಕು, ಸಿಪ್ಪೆ ಸುಲಿಯದಂತೆ ಅಗಲವಾದ ಬೆಲ್ಟನ್ನು ಬುಡಕ್ಕೆ ಹತ್ತಿರ ಕಟ್ಟು. ಮರವೇ ಸಿಗದಿದ್ದರೆ ಸ್ಟೆಪ್ನಿಯನ್ನು ಆಳವಾಗಿ ಹೂತು ಅದನ್ನೇ ಲಂಗರು ಮಾಡಿಕೊಳ್ಳಬಹುದು. ಅದಕ್ಕೆ ಹಾರೆ, ಗುದ್ದಲಿ ಬೇಕು. ದಾರಿಗೆ ಬಿದ್ದ ಕೊಂಬೆ ಕಡಿಯಲು ಕತ್ತಿಯೂ ಇರಲಿ. ಜಾಕಿನಡಿಗೆ ಎರಡಂಗುಲ ದಪ್ಪದ, ಒಂದಡಿ ಚೌಕದ ಹಲಗೆ ಇಲ್ಲದಿದ್ದರೆ ಗಾಡಿ ಏಳುವುದಿಲ್ಲ, ಜಾಕೇ ನೆಲದೊಳಗೆ ಇಳಿಯುತ್ತದೆ.

ಹೇಮಾವತಿಗೆ ಸೇರುವ ಹಳ್ಳಗಳು ಮೇಲೆಲ್ಲೋ ಸುರಿದ ಮಳೆಗೆ ಇಲ್ಲಿ ಏಕಾಏಕಿ ಏರುತ್ತವೆ. ಹರಿಯುವ ನೀರು ಚಕ್ರದ ನಡುಮಟ್ಟ ದಾಟಿದ್ದರೆ ಕಾಯುವುದು ಲೇಸು. ಎಂಜಿನ್ ನೀರು ಕುಡಿದು ನಿಂತರೆ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡು ಬಾಗುತ್ತದೆ. ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ ಎಂಜಿನ್ ತಿರುಗಿಸಿದರೆ ನೀರು ಆ ತೂತುಗಳಿಂದ ಹೊರಗೆ ಚಿಮ್ಮುತ್ತದೆ.

ರಿಪೇರಿಯ ಪೆಟ್ಟಿಗೆಯಲ್ಲಿ ನಾನು ಮರೆಯದೆ ಇಡುವ ಸಾಮಾನುಗಳು ದುಬಾರಿಯವಲ್ಲ: ಫ್ಯಾನ್ ಬೆಲ್ಟು, ಡೀಸೆಲ್ ಫಿಲ್ಟರು, ಡೀಸೆಲ್ ಪೈಪಿನ ತುಂಡು, ಹೋಸ್ ಕ್ಲಿಪ್ಪುಗಳು, ಒಂದು ಯು.ಜೆ. ಕ್ರಾಸು, ಸೆಂಟರ್ ಬೋಲ್ಟು, ಟ್ಯೂಬು, ಟೈರ್ ಲಿವರು, ಫ್ಯೂಸು, ಬ್ರೇಕ್ ಎಣ್ಣೆ, ಎಂ-ಸೀಲ್, ಕಟ್ಟುವ ತಂತಿ, ಹಳೆಯ ಸೈಕಲ್ ಟ್ಯೂಬು, ಬಟ್ಟೆ ಸೋಪು. ಕೊನೆಯ ಎರಡನ್ನು ನೋಡಿ ನಗಬೇಡ. ರೇಡಿಯೇಟರ್ ಹೋಸು ಒಡೆದಾಗ ಸೈಕಲ್ ಟ್ಯೂಬನ್ನು ಸೀಳಿ, ಎಳೆದು ಬಿಗಿಯಾಗಿ ಸುತ್ತಿ, ರೇಡಿಯೇಟರಿನ ಮುಚ್ಚಳವನ್ನು ಅರ್ಧ ಸಡಿಲಿಸಿ ಒತ್ತಡ ಕಟ್ಟದಂತೆ ನೋಡಿಕೊಂಡರೆ ಪೇಟೆ ಮುಟ್ಟಬಹುದು. ಡೀಸೆಲ್ ಟ್ಯಾಂಕಿಗೆ ಕಲ್ಲು ಬಡಿದು ಸಣ್ಣ ಸೋರಿಕೆಯಾದರೆ ಸೋಪನ್ನು ಒತ್ತಿ ಉಜ್ಜಿದರೆ ನಿಲ್ಲುತ್ತದೆ. ತೋಟದ ಡ್ರಮ್ಮಿನಿಂದ ಡೀಸೆಲ್ ಹಾಕಿಸಿಕೊಂಡರೆ ಅದರ ತಳದ ನೀರು ಫಿಲ್ಟರಿಗೆ ಬರುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಏರ್ ಲಾಕ್ ತೆಗೆಯಲು ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರಿಯ ಡೀಸೆಲ್ ಬರುವವರೆಗೆ ಕೈಪಂಪು ಒತ್ತುವುದನ್ನು ಮೇಸ್ತ್ರಿಯ ಎದುರಿಗೆ ನೀನೇ ಮಾಡಿ ಕಲಿತುಕೋ. ಹಿಂದಿನ ಕ್ರಾಸು ಮುರಿದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ಒಳಗೆ ಹಾಕಿಕೊಂಡು, ಮುಂದಿನ ಚಕ್ರದ ಹಬ್ಬುಗಳನ್ನು ಲಾಕ್ ಮಾಡಿ (ಆಗ ಆಕ್ಸಲ್ ಚಕ್ರವನ್ನು ತಿರುಗಿಸುತ್ತದೆ), ಫೋರ್ ವೀಲ್ ಹಾಕಿ, ಮುಂದಿನ ಚಕ್ರಗಳಿಂದಲೇ ಮೆಲ್ಲಗೆ ಮನೆ ಸೇರಬಹುದು. ಹ್ಯಾಂಡ್‌ಬ್ರೇಕಿನ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲ್ಲುಗಳಿಗೆ ಬಲ ಹಂಚುವ ಪೆಟ್ಟಿಗೆ) ಬೆನ್ನಿಗಿರುವ ಗಾಡಿಯಾದರೆ, ಶಾಫ್ಟ್ ಬಿಚ್ಚುವ ಮೊದಲೇ ಚಕ್ರಗಳಿಗೆ ಕಲ್ಲು ಕೊಡಬೇಕು, ಏಕೆಂದರೆ ಅದು ಬಿಚ್ಚಿದೊಡನೆ ಹಿಂದಿನ ಚಕ್ರಗಳನ್ನು ಹಿಡಿಯುವುದು ಏನೂ ಉಳಿಯುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆಗಳ ಓಡಾಟವಿರುವುದರಿಂದ ಸಂಜೆಯಾದ ಮೇಲೆ ಗಾಡಿಯಡಿ ಮಲಗಿ ರಿಪೇರಿ ಮಾಡುವ ಸಾಹಸ ಬೇಡ. ಬೆಳಕಿರುವಾಗಲೇ ಗಾಡಿ ಬಿಟ್ಟು ಹತ್ತಿರದ ಮನೆಗೆ ನಡೆದುಬಿಡು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ ನೋಂದಣಿ ವಿವರಗಳಿಗೆ ಹೊಂದದ ಮಾರ್ಪಾಡುಗಳಿಗೆ ಅವಕಾಶವಿಲ್ಲ, ಕ್ರ್ಯಾಷ್ ಗಾರ್ಡುಗಳ ವಿರುದ್ಧ 2017ರ ಡಿಸೆಂಬರಿನಲ್ಲಿಯೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ಆದ್ದರಿಂದ ಆ ಕಬ್ಬಿಣದ ಬಂಪರನ್ನು ಪಟ್ಟಿಯಿಂದ ಹೊಡೆದುಹಾಕು. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ಹಿಂದಿನ ನವೀಕರಣ ಯಾವಾಗ ಮುಗಿಯುತ್ತದೆ ಎಂದು ಮೊದಲು ನೋಡು. ಬಿಸಿಲೆಯ ಕಾಡಾಗಲಿ, ಭದ್ರಾ ಹುಲಿ ಸಂರಕ್ಷಿತ ಪ್ರದೇಶವಾಗಲಿ ಅನುಮತಿಯಿಲ್ಲದೆ ನುಗ್ಗುವ ಜಾಗಗಳಲ್ಲ. ಗುಡ್ಡದ ಹುಲ್ಲುಗಾವಲಿನ ಮೇಲೆ ಗಾಡಿ ಹತ್ತಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಒಂದು ಬೇಸಿಗೆಯ ಚಕ್ರದ ಜಾಡು ಮುಂದಿನ ಮಳೆಗೆ ಕೊರಕಲಾಗಿ ಮಣ್ಣನ್ನೆಲ್ಲ ಕೆಳಗಿಳಿಸುತ್ತದೆ. ಮಾಲೀಕರನ್ನು ಕೇಳಿಕೊಂಡು ಓಡಾಡಬಹುದಾದ ತೋಟದ ದಾರಿಗಳೇ ನಿನ್ನ ಜೀಪಿಗೆ ಬೇಕಾದಷ್ಟಿವೆ.

ಮೇ ತಿಂಗಳು ಮುಗಿಯುವುದರೊಳಗೆ ಗಾಡಿಯನ್ನು ಇಲ್ಲಿಗೆ ತಂದರೆ ಬೇರಿಂಗು, ಬ್ರೀದರು, ಬುಷ್ಷುಗಳ ಕೆಲಸವನ್ನು ಮುಂಗಾರಿಗೆ ಮುನ್ನ ಮುಗಿಸಬಹುದು. ಮಳೆ ಹಿಡಿದ ಮೇಲೆ ಇಲ್ಲಿನ ಗ್ಯಾರೇಜುಗಳಲ್ಲಿ ತೋಟದ ಗಾಡಿಗಳದೇ ಸಾಲು. ಟೈರಿನ ಆರ್ಡರನ್ನು ಅಲ್ಲಿಯವರೆಗೆ ತಡೆಹಿಡಿ, ಚೈನನ್ನು ಟೈರಿನ ಅಳತೆ ನೋಡಿಯೇ ಮಾಡಿಸಬೇಕು. ಬರುವ ಮುನ್ನ ಮುಂದಿನ ಹಬ್ಬುಗಳು ಕೈಯಿಂದ ತಿರುಗುತ್ತವೆಯೇ, ಲೋ ಗೇರು ಬೀಳುತ್ತದೆಯೇ ಎಂದು ನೋಡಿ ತಿಳಿಸು, ಬೇಕಾದ ಬಿಡಿಭಾಗಗಳನ್ನು ಇಲ್ಲಿಯೇ ಹೇಳಿಟ್ಟಿರುತ್ತೇನೆ.

ಇಂತಿ ನಿನ್ನ ಗೆಳೆಯ