ಬನ್ನಿ ಅಂದ್ರೆ ಸಾಕು ಕಣಮ್ಮ

ಈ ಸಲ ನಮ್ಮ ಮೆಲ್ಬರ್ನ್ ಕನ್ನಡ ಕೂಟದ ಸುದ್ದಿಪತ್ರದ ಜೊತೆ ರಾಜ್ಯೋತ್ಸವಕ್ಕೆ ಕರೆಯೋ ಒಂದು ಚಿಕ್ಕ ಹಳದಿ ಕಾರ್ಡ್ ಬಂದಿದ್ಯಲ್ಲ, ಕವರ್ ಒಡೆದು ನೋಡಿದ್ರಾ? ಅದ್ರ ಮೇಲೆ ಕೆಂಪು ಗಂಡಭೇರುಂಡ ಇದೆ, ಒಂದು ರೆಕ್ಕೆ ತುದಿ ಬೋಳಾಗಿದೆ. ಅದು ಪ್ರಿಂಟರ್ ತೊಂದರೆ ಅಲ್ಲ, ಬ್ಲೇಡು ಜಾರಿದ್ದು ನನ್ನ ಕೈಲಿ, ಹಾಗಾಗಿ 160 ಕಾರ್ಡಲ್ಲೂ ಅದೇ ರೆಕ್ಕೆ ಬೋಳು. ಪಕ್ಕದ್ಮನೆಯವರ ಕಾರ್ಡ್ ಇಸ್ಕೊಂಡು ನೋಡಿದ್ರೂ ಅಷ್ಟೇ, ಬದಲಾಯಿಸಿ ಕೊಡಿ ಅಂತ ಯಾರೂ ಫೋನ್ ಮಾಡ್ಬೇಡಿ.

ಪ್ರತಿ ವರ್ಷ ರಾಜ್ಯೋತ್ಸವಕ್ಕೆ ನಾವು ಒಂದು ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕ್ತೀವಿ, ನಾಲ್ಕು ಜನ ಹೆಬ್ಬೆಟ್ಟು ಒತ್ತುತಾರೆ, ಕಾರ್ಯಕ್ರಮದ ದಿನ ಬೆಳಿಗ್ಗೆ ಹತ್ತು ಜನ "ಎಲ್ಲಿ, ಎಷ್ಟ್ ಗಂಟೆಗೆ" ಅಂತ ಕೇಳ್ತಾರೆ. ಕಮಿಟಿ ಮೀಟಿಂಗಲ್ಲಿ ಇದರ ಬಗ್ಗೆ ಗೊಣಗಾಟ ಶುರುವಾದಾಗ ನಾನು ಬಾಯಿ ಸುಮ್ನೆ ಇಟ್ಕೊಳ್ದೆ, ಹೇಗೂ ಮೈಸೂರಿಗೆ ಹೋಗ್ತಿದೀನಿ, ಅಲ್ಲಿ ಒಳ್ಳೆ ರಬ್ಬರ್ ಸ್ಟಾಂಪ್ ಮಾಡಿಸ್ಕೊಂಡು ಕೈಯಾರೆ ಕಾರ್ಡ್ ಮಾಡ್ಕೊಂಡು ಬರ್ತೀನಿ ಅಂದ್ಬಿಟ್ಟೆ. ಇಲ್ಲಿ ಮೆಲ್ಬರ್ನಲ್ಲಿ ಕ್ರಾಫ್ಟ್ ಅಂಗಡಿಗೆ ಹೋದ್ರೆ ಗೋಡೆ ತುಂಬ ಸ್ಟಾಂಪು, ಹ್ಯಾಪಿ ಬರ್ತ್‌ಡೇ, ಥ್ಯಾಂಕ್ ಯು, ಕ್ರಿಸ್‌ಮಸ್ ಮರ, ಕಾಂಗರೂ, ಎಲ್ಲ ಇದೆ, ಕನ್ನಡದ್ದು ಒಂದಕ್ಷರ ಇಲ್ಲ. ಇರಲ್ಲ ಬಿಡಿ, ನಾವು ಮಾಡಿಸ್ದೆ ಅವರ್ಯಾಕೆ ಮಾಡ್ತಾರೆ.

ಮೈಸೂರಲ್ಲಿ ಇದಕ್ಕೆ ಯಾರೂ ಸ್ಟಾಂಪ್ ಅನ್ನಲ್ಲ, ಸೀಲು ಅಂತಾರೆ. ಕಂದಾಯದ ಕಾಗದ ಓದುವವರಾದ್ರೆ ಠಸ್ಸೆ, ಮೊಹರು ಅಂತಾರೆ. ನಾನು ಇಲ್ಲಿಂದಲೇ ಯೂನಿಕೋಡಲ್ಲಿ ಟೈಪ್ ಮಾಡಿ ಒಂದು ಸೀಲ್ ಅಂಗಡಿಗೆ ವಾಟ್ಸಾಪ್ ಮಾಡಿದ್ದೆ, "ರಾಜ್ಯೋತ್ಸವಕ್ಕೆ ತಾವು ಸಕುಟುಂಬ ಸಮೇತ ಆಗಮಿಸಿ" ಅಂತ ಉದ್ದಕ್ಕೆ. ಊರಿಗೆ ಹೋದ ಎರಡನೇ ದಿನ ಹೋಗಿ ಇಸ್ಕೊಂಡೆ, ಸೀಲು ನೋಡೋಕೆ ಚೆನ್ನಾಗಿತ್ತು, ಮರದ ಹಿಡಿ, ಮೇಲೆ ಪಾಲಿಶ್. ಮನೆಗೆ ಬಂದು ಪೇಪರ್ ಮೇಲೆ ಒತ್ತಿದ್ರೆ "ರಾಜ್‌ಯೋತ್‌ಸವಕ್‌ಕೆ" ಅಂತ ಬಂತು. ಒತ್ತಕ್ಷರ ಒಂದೂ ಕೆಳಗಿಳಿದಿಲ್ಲ, ಎಲ್ಲ ಸಾಲಾಗಿ ಅರ್ಧಾಕ್ಷರದ ಬಾಲ ಬಿಟ್ಕೊಂಡು ನಿಂತಿವೆ. ನಮ್ಮ ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, "ಏನಮ್ಮ ಇದು, ನೆಲಮಾಳಿಗೇಲಿ ಇರೋರೆಲ್ಲ ಅಟ್ಟ ಹತ್ತಿ ಕೂತವ್ರೆ" ಅಂದ್ರು.

ಆಮೇಲೆ ಗೊತ್ತಾಗಿದ್ದು, ಡಿಟಿಪಿ, ಅಂದ್ರೆ ಕಂಪ್ಯೂಟರಲ್ಲಿ ಪುಟ ಜೋಡಿಸೋ ಕೆಲಸ ಮಾಡೋ ಎಷ್ಟೋ ಕಡೆ ಈಗ್ಲೂ ಹಳೇ ಸಾಫ್ಟ್‌ವೇರೇ ಇದೆ, ನುಡಿ, ಬರಹದ ಹಳೇ ಫಾಂಟುಗಳಲ್ಲಿ ಅಲ್ಲೇ ಕೂತು ಟೈಪ್ ಮಾಡ್ತಾರೆ, ನಾವು ಫೋನಿಂದ ಕಳಿಸೋ ಯೂನಿಕೋಡ್ ಕನ್ನಡವನ್ನ ಹಾಗೇ ತಂದು ಅಂಟಿಸಿದ್ರೆ ಆ ಹಳೇ ಸಾಫ್ಟ್‌ವೇರಿಗೆ ಒತ್ತು ಕೊಡೋದು ಗೊತ್ತಾಗಲ್ಲ. ಅಂಗಡಿಯವರದ್ದೂ ತಪ್ಪಿದೆ, ಒಂದ್ಸಲ ಓದ್ಬಹುದಿತ್ತು, ನನ್ನದೂ ತಪ್ಪಿದೆ, ಟೈಪ್ ಮಾಡಿದ್ದನ್ನ ಫೋಟೋ ಥರ ಕಳಿಸ್ಬೇಕಿತ್ತು. ಅಸೋಸಿಯೇಷನ್ನಿಗೆ ಏನಾದ್ರೂ ಊರಲ್ಲಿ ಪ್ರಿಂಟ್ ಮಾಡಿಸೋರು ಇದೊಂದು ಜ್ಞಾಪಕ ಇಟ್ಕೊಳ್ಳಿ.

ದೊಡ್ಡಪ್ಪನ ಬಗ್ಗೆ ಹೇಳ್ಬೇಕು. ಅವರು ಮೈಸೂರಲ್ಲಿ ಒಂದು ಪ್ರೆಸ್ಸಲ್ಲಿ ಕಂಪಾಸಿಟರ್ ಆಗಿದ್ರು, ಮೊಳೆ, ಅಂದ್ರೆ ಒಂದೊಂದು ಅಕ್ಷರದ ಲೋಹದ ಅಚ್ಚು ಜೋಡಿಸೋ ಕೆಲಸ. ಒಂದು ಕೈಲಿ ಸ್ಟಿಕ್ಕು, ಅಂದ್ರೆ ಮೊಳೆ ಸಾಲಾಗಿ ಇಡೋ ತಟ್ಟೆ ಹಿಡ್ಕೊಂಡು ಇನ್ನೊಂದು ಕೈಲಿ ಕೇಸಿನ ಮನೆಗಳಿಂದ ಮೊಳೆ ತೆಗ್ದು ತೆಗ್ದು ಇಡೋದು, ಅದೂ ತಿರುಗಾಮುರುಗಾ ಅಕ್ಷರದಲ್ಲಿ. ಈಗ್ಲೂ ಅವರು ಕನ್ನಡೀಲಿ ಕಾಣೋ ಹಾಗಿರೋ ಉಲ್ಟಾ ಕನ್ನಡವನ್ನೂ ಸಲೀಸಾಗಿ ಓದ್ತಾರೆ. ಆಗಿನ ಕಾಲದಲ್ಲಿ ಸೀಲು ಮಾಡೋದೂ ಅದೇ ಮೊಳೆಯಿಂದನೇ ಅಂತೆ. ಮೊಳೆ ಜೋಡಿಸಿ ಬಿಗಿ ಮಾಡಿ, ಅದನ್ನ ಪ್ಲಾಸ್ಟರ್ ಥರದ ಹಿಟ್ಟಿಗೆ ಒತ್ತಿ ಅಚ್ಚು ತೆಗೆಯೋದು, ಒಣಗಿದ ಅಚ್ಚಿನ ಮೇಲೆ ಹಸಿ ರಬ್ಬರ್ ಹಾಳೆ ಇಟ್ಟು ಪ್ರೆಸ್ಸಲ್ಲಿ ಅದುಮಿ ಸುಮಾರು 150 ಡಿಗ್ರಿ ಬಿಸಿ ಕೊಡೋದು, ಗಂಧಕ ಬೆರೆತ ರಬ್ಬರು ಆ ಬಿಸಿಗೆ ಅಕ್ಷರದ ಆಕಾರದಲ್ಲೇ ಗಟ್ಟಿ ಆಗಿಬಿಡತ್ತೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡ್ಕೊಂಡಿದ್ದು ಇದನ್ನೇ. ದೊಡ್ಡಪ್ಪಂಗೆ ಆ ಹೆಸರು ಕಾರ್ ಟೈರಿಂದ ಗೊತ್ತು, ಆ ವಾಸನೆ ಮಾತ್ರ ಮೂಗಲ್ಲೇ ಇದೆ ಅಂತಾರೆ. ಈಗ ನೆಗೆಟಿವ್ ಫಿಲಂ ಇಟ್ಟು ಅಲ್ಟ್ರಾವಯಲೆಟ್ ಬೆಳಕು ಬಿಟ್ಟು, ಗಟ್ಟಿ ಆಗದೇ ಉಳಿದ ಪಾಲಿಮರ್ ತೊಳೀತಾರೆ, ಇಲ್ಲ ಲೇಸರಲ್ಲಿ ಕೊರೀತಾರೆ. ಒಂದು ಟೀ ಕುಡಿದು ಬರೋ ಹೊತ್ತಿಗೆ ಕೈಗೆ ಕೊಟ್ಬಿಡ್ತಾರೆ, ಅದಕ್ಕೇ ಯಾರೂ ಓದಿ ನೋಡಲ್ಲ ಅನ್ನೋದು ದೊಡ್ಡಪ್ಪನ ವಾದ.

ಇನ್ನೊಂದು ಸೀಲ್ ಮಾಡಿಸೋಣ ಅಂದ್ರೆ ಅವರು ಬೇಡ ಅಂದ್ರು. ನನ್ನ ವಾಕ್ಯ ಓದಿ, "ಸಕುಟುಂಬ ಸಮೇತ ಆಗಮಿಸಿ, ಇಷ್ಟೊಂದು ಯಾಕೆ, ಯಾರ ಮನೇಲಿ ಹೀಗೆ ಕರೀತಾರೆ, ಬನ್ನಿ ಅಂದ್ರೆ ಸಾಕು ಕಣಮ್ಮ, ಎರಡೇ ಅಕ್ಷರ" ಅಂದ್ರು. ಜೀವಮಾನ ಪೂರ್ತಿ ಲಗ್ನಪತ್ರಿಕೇಲಿ "ತಮ್ಮ ಆಗಮನಾಭಿಲಾಷಿಗಳು" ಜೋಡಿಸಿ ಬೆರಳು ಸವೆಸಿದೋರು ಹೇಳೋ ಮಾತು ಇದು. ಯೋಚನೆ ಮಾಡಿದ್ರೆ ರಬ್ಬರಿಗೂ ಅದೇ ಸರಿ. ಕನ್ನಡ ಅಕ್ಷರ ದುಂಡಗೆ, ಹೊಟ್ಟೆ ಒಳಗೆ ಸಣ್ಣ ಸಣ್ಣ ಖಾಲಿ ಜಾಗ, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಚಿಕ್ಕದಾಗಿ ಮಾಡಿದ್ರೆ ಇಂಕು ಆ ಹೊಟ್ಟೆ ಎಲ್ಲ ತುಂಬ್ಕೊಂಡು ಮೂರನೇ ಸಲ ಒತ್ತೋ ಹೊತ್ತಿಗೆ ಅಕ್ಷರ ಹೋಗಿ ಇರುವೆಸಾಲು ಆಗತ್ತೆ. ಬನ್ನಿ ಅಂದ್ರೆ ಒಂದೇ ಒತ್ತು, ಅದೂ ಬಾಯಿ ತೆರ್ಕೊಂಡಿರೋ ಒತ್ತು, ತುಂಬಲ್ಲ. ದಿನ, ಜಾಗ, ಗಂಟೆ ಎಲ್ಲ ಪೆನ್ನಲ್ಲಿ ಬರೆಯೋದು ಅಂತ ಆಯ್ತು. ನಿಮ್ಮ ಕಾರ್ಡ್ ಒಳಗೆ ಇರೋ ಆ ಮುದ್ದಾದ ಅಕ್ಷರ ಅಮ್ಮಂದು, ಕೋಳಿ ಕೆದರಿದ ಹಾಗಿದ್ರೆ ನಂದು.

ಬನ್ನಿ ಮತ್ತೆ ಗಂಡಭೇರುಂಡ ಎರಡನ್ನೂ ಮಕ್ಕಳ ಪೆನ್ಸಿಲ್ ರಬ್ಬರಲ್ಲೇ ಕೊರೆದೆ, ದೊಡ್ಡ ಸೈಜಿಂದು. ಬಟರ್ ಪೇಪರ್ ಮೇಲೆ ಪೆನ್ಸಿಲಲ್ಲಿ ನೆಟ್ಟಗೆ ಬರೀಬೇಕು, ಆ ಪೇಪರನ್ನ ಬೋರಲು ಹಾಕಿ ರಬ್ಬರ್ ಮೇಲಿಟ್ಟು ಉಗುರಲ್ಲಿ ಉಜ್ಜಬೇಕು, ಆಗ ರಬ್ಬರ್ ಮೇಲೆ ಅಕ್ಷರ ಉಲ್ಟಾ ಬೀಳತ್ತೆ, ಉಲ್ಟಾ ಕೊರೆದ್ರೆ ಒತ್ತಿದಾಗ ಸುಲ್ಟಾ. ನಾನು ಮೊದಲ್ನೇ ಸಲ ಜಾಣತನ ಮಾಡಿ ನೇರವಾಗಿ ರಬ್ಬರ್ ಮೇಲೇ ಬರೆದು ಮುಕ್ಕಾಲು ಗಂಟೆ ಕೊರೆದೆ, ಏನಾಯ್ತು ಅಂತ ಹೇಳೋದು ಬೇಡ. ಗಂಡಭೇರುಂಡಕ್ಕೆ ಈ ರಗಳೆನೇ ಇಲ್ಲ ನೋಡಿ, ಎರಡು ತಲೆ, ಎರಡು ರೆಕ್ಕೆ, ಎಡ ಬಲ ಒಂದೇ, ಹೇಗೆ ಕೊರೆದ್ರೂ ಗಂಡಭೇರುಂಡನೇ. ಹೊಸದಾಗಿ ಕಲಿಯೋರು ಅದ್ರಿಂದ ಶುರು ಮಾಡಿ. ರೆಕ್ಕೆ ತುದೀಲಿ ಹುಷಾರು.

ಕಾಗದದ ವಿಷಯ ಇನ್ನೊಂದು ಕಥೆ. 250 ಜಿಎಸ್ಎಂ, ಅಂದ್ರೆ ಚದರ ಮೀಟರಿಗೆ 250 ಗ್ರಾಂ ತೂಗೋ ಹಳದಿ ಕಾರ್ಡ್ ಶೀಟು ತಂದೆ, ಎ4ಗಿಂತ ದೊಡ್ಡ ಹಾಳೆ, ಅಂಗಡೀಲೇ ಕತ್ತರಿಸಿ ಕೊಟ್ರು. ಒಂದು ಎ4ನ ಅರ್ಧ ಮಾಡಿ ಮಡಚಿದ್ರೆ 148ಕ್ಕೆ 105 ಮಿಲಿಮೀಟರ್ ಕಾರ್ಡ್ ಆಗತ್ತೆ, ಅದು 162ಕ್ಕೆ 114ರ ಸಿ6 ಕವರಲ್ಲಿ ಆರಾಮಾಗಿ ಕೂರತ್ತೆ. ಆದ್ರೆ ಅರ್ಧ ಕಾರ್ಡು ನೀಟಾಗಿ ಮಡಚಿಕೊಂಡ್ವು, ಇನ್ನರ್ಧ ಮಡಿಕೇಲಿ ಹಪ್ಪಳದ ಥರ ಬಿರುಕು ಬಿಟ್ವು. ಒಂದೇ ಕಾಗದ, ಒಂದೇ ಕೈ, ಯಾಕೆ ಅಂತ ತಲೆ ಕೆರ್ಕೊಂಡೆ. ದೊಡ್ಡಪ್ಪ ಒಂದು ಹಾಳೆ ತಗೊಂಡು ಎರಡೂ ಕಡೆಯಿಂದ ಮೆಲ್ಲಗೆ ಬಗ್ಗಿಸಿ ನೋಡಿದ್ರು, ಒಂದು ಕಡೆಗೆ ಸಲೀಸಾಗಿ ಬಗ್ತು, ಇನ್ನೊಂದು ಕಡೆಗೆ ಸೆಟ್ಕೊಂತು. ಮಿಷನ್ನಲ್ಲಿ ಮಾಡಿದ ಕಾಗದಕ್ಕೆ ಮರದ ಹಾಗೇ ಎಳೆ ಇರತ್ತೆ, ಮಿಷನ್ ಓಡೋ ದಿಕ್ಕಿಗೆ ನಾರೆಲ್ಲ ಮಲಗಿರತ್ತೆ, ಎಳೆ ಗುಂಟ ಮಡಚಿದ್ರೆ ಬಗ್ಗತ್ತೆ, ಅಡ್ಡಕ್ಕೆ ಮಡಚಿದ್ರೆ ಮುರಿಯತ್ತೆ. ವೇಸ್ಟ್ ಆಗ್ಬಾರ್ದು ಅಂತ ಅಂಗಡೀಲಿ ಹಾಳೆ ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಕತ್ತರಿಸಿದ್ರು. ಅಡ್ಡ ಬಂದಿದ್ದನ್ನ ಮಡಚದೇ ಪೋಸ್ಟ್‌ಕಾರ್ಡ್ ಥರ ಒಂಟಿ ಕಾರ್ಡ್ ಮಾಡಿದ್ವಿ, ಅದಕ್ಕೇ ಕೆಲವರಿಗೆ ಮಡಚಿದ್ದು, ಕೆಲವರಿಗೆ ಮಡಚದೇ ಇದ್ದಿದ್ದು ಬಂದಿದೆ.

ಮಡಚೋಕೆ ಮುಂಚೆ ಇಂಕ್ ಮುಗಿದ ಬಾಲ್‌ಪೆನ್ನಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಒಂದು ಗೆರೆ ಗೀರ್ಬೇಕು. ಗೀರಿದ ಕಡೆ ಹೊರಗೆ, ಹಿಂದೆ ಉಬ್ಬಿದ್ದು ಒಳಗೆ ಬರೋ ಹಾಗೆ ಮಡಚಬೇಕು, ತುಂಬ ಜನ ಇದನ್ನ ಉಲ್ಟಾ ಮಾಡ್ತಾರೆ. ಅಂಟಿಗೆ ಫೆವಿಕಾಲ್ ತರೋಣ ಅಂದ್ರೆ ದೊಡ್ಡಪ್ಪ ಬಿಡ್ಲಿಲ್ಲ, ಮೈದಾ ಗಂಜಿ ಕಾಯಿಸಿ, ಹುಳ ಬೀಳ್ಬಾರ್ದು ಅಂತ ಒಂದ್ ಚಿಟಿಕೆ ಮೈಲುತುತ್ತ ಹಾಕಿದ್ರು. ಅಮ್ಮ ಆ ಪಾತ್ರೇನ ಅವತ್ತೇ ಹಿತ್ತಲಿಗೆ ಎತ್ತಿಟ್ಟುಬಿಟ್ರು.

ಬಣ್ಣದ ಮೇಲೂ ಒಂದು ಜಗಳ ಆಯ್ತು. ಹಳದಿ ಮೇಲೆ ಕಪ್ಪು ಎದ್ದು ಕಾಣತ್ತೆ ಅಂದೆ. ಅಮ್ಮ, ದೊಡ್ಡಪ್ಪ ಇಬ್ಬರೂ ಒಟ್ಟಿಗೆ "ಬೇಡ" ಅಂದ್ರು, ಬರೀ ಕಪ್ಪಲ್ಲಿ ಇದ್ರೆ ವೈಕುಂಠ ಸಮಾರಾಧನೆ ಕಾಗದ ಅಂದ್ಕೋತಾರೆ, ಓದಿ ಮನೆಯೊಳಗೆ ಇಟ್ಕೊಳ್ಳದೇ ಹರಿದು ಹಾಕ್ತಾರೆ ಅಂತ. ಸರಿ ಕೆಂಪು ಅಂತಾಯ್ತು, ಅರಿಶಿನ ಕುಂಕುಮ, ನಮ್ಮ ಬಾವುಟನೂ ಆಯ್ತು. ಆಫೀಸಲ್ಲಿ ಬಳಸೋ ಸ್ಟಾಂಪ್ ಪ್ಯಾಡ್ ಇಂಕಿಗೆ ಗ್ಲಿಸರಿನ್ ಹಾಕಿರ್ತಾರೆ, ಪ್ಯಾಡಲ್ಲಿ ಒಣಗಲ್ಲ, ಕಾಗದಕ್ಕೆ ಬಿದ್ರೆ ಹೀರ್ಕೊಳತ್ತೆ, ಹೊಳಪಿನ ಕಾಗದಕ್ಕೆ ಬಿದ್ರೆ ಮಾತ್ರ ಎಷ್ಟು ಹೊತ್ತಾದ್ರೂ ಕೈಗೆ ಮೆತ್ಕೋತಾನೇ ಇರತ್ತೆ. ಕಾರ್ಡ್ ಕೆಳಗೆ ನಾಲ್ಕೈದು ಹಳೇ ಪೇಪರ್ ಮಡಚಿ ಇಟ್ಕೋಬೇಕು, ಆಗ ಒತ್ತಿದ್ದು ಎಲ್ಲಾ ಕಡೆ ಸಮನಾಗಿ ಬೀಳತ್ತೆ, ಗಟ್ಟಿ ಟೇಬಲ್ ಮೇಲೆ ಮಧ್ಯೆ ತೆಳುವಾಗತ್ತೆ. ಒತ್ತಿ, ಅಲ್ಲಾಡಿಸ್ದೆ, ನೇರ ಮೇಲಕ್ಕೆ ಎತ್ತಬೇಕು, ಅಷ್ಟೇ. ಆಫೀಸಲ್ಲಿ ಧಡ್ ಅಂತ ಹೊಡೀತಾರಲ್ಲ ಹಾಗಲ್ಲ.

ಮೂವತ್ತು ಕಾರ್ಡಿಗೆ ಚಿನ್ನದ ಬಣ್ಣದಲ್ಲಿ ಉಬ್ಬು ಬನ್ನಿ ಮಾಡಿದ್ವಿ, ಕೂಟ ಶುರು ಮಾಡಿದ ಹಿರಿಯರಿಗೆ ಅಂತ, ನಿಮಗೆ ಬಂದಿಲ್ಲ ಅಂದ್ರೆ ಕೋಪ ಬೇಡ. ಇದಕ್ಕೆ ಬೇಗ ಒಣಗದ ಪಿಗ್ಮೆಂಟ್ ಇಂಕು ಬೇಕು, ಇಲ್ಲಿಂದಲೇ ತಗೊಂಡು ಹೋಗಿದ್ದೆ. ಇಂಕು ಹಸಿ ಇರುವಾಗ್ಲೇ ಎಂಬಾಸಿಂಗ್ ಪುಡಿ ಉದುರಿಸಿ, ಮಿಕ್ಕಿದ್ದು ಕೊಡವಿ, ಬಿಸಿ ಕೊಟ್ರೆ ಪುಡಿ ಕರಗತ್ತೆ. ಹೀಟ್ ಗನ್ ಮರೆತು ಬಂದಿದ್ದೆ. ಹೇರ್ ಡ್ರೈಯರ್ ಹಿಡಿದೆ, ಪುಡಿ ಎಲ್ಲ ದೇವರ ಮನೆ ಕಡೆಗೆ ಹಾರ್ತು, ಕರಗ್ಲಿಲ್ಲ. ಕೊನೆಗೆ ದೋಸೆ ಏಳದೇ ಇರೋ ಹಳೇ ಕಾವಲಿ ಒಂದನ್ನ ಒಲೆ ಮೇಲಿಟ್ಟು ಕಾರ್ಡನ್ನ ಎರಡು ಇಂಚು ಮೇಲೆ ಹಿಡಿದೆ. ಹತ್ತು ಸೆಕೆಂಡ್ ಏನೂ ಆಗಲ್ಲ, ಪುಡಿ ಪುಡಿಯಾಗೇ ಮಂಕಾಗಿರತ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ಮೂಲೇಲಿ ಒದ್ದೆ ಆದಂಗೆ ಆಗಿ, ಆ ಹೊಳಪು ಬಕಾರದಿಂದ ನಕಾರಕ್ಕೆ ನಿಧಾನ ಹರ್ಕೊಂಡು ಹೋಗತ್ತೆ. ಅಮ್ಮ ಪ್ರತಿ ಕಾರ್ಡಿಗೂ ಬಂದು ಬಗ್ಗಿ ನೋಡೋರು, ಮೂವತ್ತಕ್ಕೆ ಮೂವತ್ತೂ.

ಅಷ್ಟು ಹೊತ್ತಿಗೆ ಕವರ್ ಮೇಲೆ ಹೆಸರು ಒತ್ತೋಕೆ ತಂದಿದ್ದ ನೇರಳೆ ಇಂಕು ನನ್ನ ತೋರುಬೆರಳಿಗೆ ಪೂರ್ತಿ ಹತ್ತಿತ್ತು. ದೊಡ್ಡಪ್ಪ "ಓಟ್ ಹಾಕಿ ಬಂದ್ಯಾ?" ಅಂದ್ರು. ಮೈಸೂರಿನವರಿಗೆ ಆ ಜೋಕ್ ಮಾಡೋ ಹಕ್ಕಿದೆ ಬಿಡಿ, ದೇಶಕ್ಕೆಲ್ಲ ಓಟಿನ ಇಂಕು ಹೋಗೋದು ಅಲ್ಲಿ ಬನ್ನಿಮಂಟಪದ ಕಡೆ ಇರೋ ಫ್ಯಾಕ್ಟರಿಯಿಂದಲೇ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ ಶುರುವಾಗಿದ್ದು, 1962ರ ಚುನಾವಣೆಯಿಂದ ಆ ಇಂಕು ಅವರದ್ದು, ಅದ್ರಲ್ಲಿ ಸಿಲ್ವರ್ ನೈಟ್ರೇಟ್ ಇರೋದಕ್ಕೇ ಚರ್ಮಕ್ಕೆ ಕಚ್ಕೊಂಡು ವಾರಗಟ್ಲೆ ಹೋಗಲ್ಲ. ಅಲ್ಲೇ ಅರಗೂ ಮಾಡ್ತಾರೆ. ದೊಡ್ಡಪ್ಪಂಗೆ ಪ್ರತಿ ಕವರಿಗೂ ಕೆಂಪು ಅರಗಿನ ಮುದ್ರೆ ಹಾಕ್ಬೇಕು ಅಂತ ಆಸೆ, ಒಂದಕ್ಕೆ ಹಾಕಿನೂ ತೋರಿಸಿದ್ರು, ರಾಜರ ಕಾಗದದ ಹಾಗಿತ್ತು. ಆದ್ರೆ ಸೂಟ್‌ಕೇಸಲ್ಲಿ ಎಲ್ಲ ಪುಡಿ ಆಗತ್ತೆ ಅಂತ ಬಿಟ್ವಿ. ಆ ಒಂದು ಕವರ್ ನನ್ನ ಹತ್ರನೇ ಇದೆ, ಯಾರಿಗೂ ಕೊಡಲ್ಲ.

ಎಲ್ಲ ಸೇರಿ ಸುಮಾರು ಎರಡು ಕೆಜಿ ಬಂತು, ಅಂದ್ರೆ ಎರಡು ಕೆಜಿ ಹುರಿಗಾಳು, ಕೋಡುಬಳೆ ಅಮ್ಮನ ಕೈಲೇ ಉಳೀತು. ಹೂವಿನ ಎಸಳು, ಬೀಜ ಸೇರಿಸಿ ಮಾಡಿರೋ ಚಂದದ ಕಾಗದಾನೂ ನೋಡಿದ್ದೆ, ಆದ್ರೆ ಇಲ್ಲಿನ ಏರ್‌ಪೋರ್ಟಲ್ಲಿ ಬೀಜ ಅಂದ್ರೆ ಏನ್ ಗತಿ ಅಂತ ನಿಮಗೆ ಗೊತ್ತಲ್ಲ, ತರ್ಲಿಲ್ಲ.

ಕಾರ್ಡಿನ ಅಂಚಲ್ಲಿ ಇರೋ ಐದೆಸಳಿನ ಹೂವು ಯಾವ ಸ್ಟಾಂಪು ಅಂತ ಆಗ್ಲೇ ಇಬ್ರು ಕೇಳಿದಾರೆ. ಅದು ಬೆಂಡೆಕಾಯಿ. ಮೈಸೂರಲ್ಲಿ ನಮ್ಮ ಬೀದಿಯ ಮಕ್ಕಳೆಲ್ಲ ಬಂದು ಜಗಲೀಲಿ ಕೂತು ಒತ್ತಿದ್ದು. ತೊಟ್ಟಿನ ಕಡೆ ದಪ್ಪಗೆ ಕತ್ತರಿಸಿ, ಲೋಳೆ ಎಲ್ಲ ಬಟ್ಟೇಲಿ ಒರೆಸಿ ಹತ್ತು ನಿಮಿಷ ಬಿಟ್ಟು ಬಣ್ಣಕ್ಕೆ ಅದ್ದಬೇಕು, ಇಲ್ಲಾಂದ್ರೆ ಜಾರತ್ತೆ. ದೀಪಾವಳಿ ಕಾರ್ಡಿಗೆ ಇದನ್ನೇ ಇಲ್ಲಿ ನಮ್ಮ ಕನ್ನಡ ಶಾಲೆ ಮಕ್ಕಳ ಕೈಲಿ ಮಾಡಿಸೋಣ ಅಂತಿದೆ, ಭಾನುವಾರ ಕ್ಲಾಸ್ ಮುಗಿದ್ಮೇಲೆ. ಮಗುಗೊಂದು ಪೆನ್ಸಿಲ್ ರಬ್ಬರು, ಹಳೇ ಪೇಪರು, ಇಂಕು ಮುಗಿದ ಪೆನ್ನು ಕಳಿಸಿ, ಬ್ಲೇಡ್ ಬೇಡ, ಕೊರೆಯೋದು ನಾವು ದೊಡ್ಡೋರು ನೋಡ್ಕೋತೀವಿ. ಪ್ರತಿ ಮಗು ತನ್ನ ಹೆಸರಿನ ಮೊದಲ್ನೇ ಅಕ್ಷರ ಕನ್ನಡದಲ್ಲಿ ಬಟರ್ ಪೇಪರ್ ಮೇಲೆ ಬರ್ಕೊಂಡು ಬರ್ಲಿ, ನೆಟ್ಟಗೆ, ಉಲ್ಟಾ ಮಾಡೋದು ಅಲ್ಲೇ ಹೇಳ್ಕೊಡ್ತೀವಿ. ಬೆಂಡೆಕಾಯಿ ಮಾತ್ರ ದಯವಿಟ್ಟು ಫ್ರೆಶ್ಶೇ ತನ್ನಿ, ಇಂಡಿಯನ್ ಸ್ಟೋರಿನ ಫ್ರೋಜನ್ ಪ್ಯಾಕೆಟ್ ತರ್ಬೇಡಿ, ಅದು ಸಾಂಬಾರಿಗಾಗತ್ತೆ, ಹೂವಾಗಲ್ಲ.